ಕಣ್ಣು ಕೊಡೋಕೆ ಫಾರಂ ಇದೆ, ಈ ಡಬ್ಬಿಗಳಿಗೆ ಇಲ್ಲ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ನಮಸ್ಕಾರ. ಸಾರ್ವಜನಿಕ ಗ್ರಂಥಾಲಯ ಇಲಾಖೆ ನಿಮ್ಮ ಕೈಯಲ್ಲಿದೆ, ಅದಕ್ಕೇ ಈ ಪತ್ರ ನಿಮಗೆ. ನಾಲ್ಕು ಜನ ಓದಲಿ ಅಂತ ಬಹಿರಂಗವಾಗಿ ಬರೆಯುತ್ತಿದ್ದೇನೆ. ಯಾಕೆಂದರೆ ಜೀವಮಾನವೆಲ್ಲ ಹಳೇ ಕಾಗದ ಕೂಡಿಸಿಟ್ಟ ನನ್ನಂಥ ಮುದುಕರು ಪ್ರತಿ ಊರಲ್ಲೂ ಇಬ್ಬರು ಮೂವರು ಇರುತ್ತಾರೆ.

ಕಳೆದ ತಿಂಗಳು ಉಯಿಲು ಬರೆಸಲು ವಕೀಲರ ಹತ್ತಿರ ಹೋಗಿದ್ದೆ. ಎಪ್ಪತ್ತೆರಡಾಯಿತು, ಇನ್ನು ಮುಂದೂಡಿದರೆ ಹೇಗೆ ಅಲ್ವಾ? ಉಯಿಲಿಗೆ ಛಾಪಾ ಕಾಗದ ಬೇಡ, ಇಬ್ಬರು ಸಾಕ್ಷಿ ಸಾಕು, ನೋಂದಣಿ ನಮ್ಮಿಷ್ಟ ಅಂತ ಅವರು ಹೇಳಿದಾಗ ಇಷ್ಟೇನಾ ಅನ್ನಿಸಿತು. ಮನೆ ಮಗನಿಗೆ. ಹೆಂಡತಿಯ ಒಡವೆ ಮಗಳಿಗೆ. ಬ್ಯಾಂಕಿನಲ್ಲಿರುವುದು ಇಬ್ಬರಿಗೂ ಸಮ. ಕಾಲು ಗಂಟೆಯಲ್ಲಿ ಮುಗಿಯಿತು. ಆಮೇಲೆ ಅವರು ಪೆನ್ನು ಎತ್ತಿ, "ಆ ಡಬ್ಬಿಗಳನ್ನ ಯಾರ ಹೆಸರಿಗೆ ಬರೀಲಿ ಸಾರ್?" ಅಂದರು. ಅಲ್ಲೇ ನಿಂತಿದೆ. ಇವತ್ತಿಗೂ ಆ ಸಾಲು ಖಾಲಿ.

ಡಬ್ಬಿ ಅಂದರೆ ಹದಿನಾಲ್ಕು ತಗಡಿನ ಬಿಸ್ಕತ್ತಿನ ಡಬ್ಬಿ. ಒಳಗೆ ಎರಡು ಸಾವಿರದ ಮುನ್ನೂರು ಚಿಲ್ಲರೆ ನಾಟಕದ ಹ್ಯಾಂಡ್‌ಬಿಲ್‌ಗಳು. ನಮ್ಮಪ್ಪನದು ದಾವಣಗೆರೆಯಲ್ಲಿ ಕಿರಾಣಿ ಅಂಗಡಿ. ಊರಲ್ಲಿ ಯಾವುದೇ ನಾಟಕ ಕಂಪನಿ ಕ್ಯಾಂಪ್ ಹಾಕಲಿ, ಜಟಕಾ ಗಾಡಿಯಲ್ಲಿ ಮೈಕು ಕಟ್ಟಿಕೊಂಡು ಬಂದು ಹ್ಯಾಂಡ್‌ಬಿಲ್ ಎರಚಿ ಹೋಗುತ್ತಿದ್ದರು. ನಾವು ಹುಡುಗರು ಹಿಂದೆ ಓಡುತ್ತಿದ್ದೆವು. ಅಪ್ಪನಿಗೆ ನಾಟಕದ ಹುಚ್ಚು ಇರಲಿಲ್ಲ, ಹಿಂಬದಿ ಖಾಲಿ ಇದ್ದ ಕಾಗದದ ಆಸೆ ಇತ್ತು. ಲೆಕ್ಕ ಬರೆದು, ಗೋಡೆಯ ತಂತಿಗೆ ಚುಚ್ಚುತ್ತಿದ್ದರು. ಹಾಗಾಗಿ ನನ್ನ ಹಳೇ ಹ್ಯಾಂಡ್‌ಬಿಲ್‌ಗಳಿಗೆಲ್ಲ ನಟ್ಟನಡುವೆ ಒಂದು ತೂತು. ಮುಂದೆ ನಾನು ಅಂಚೆ ಇಲಾಖೆಗೆ ಸೇರಿ ಹರಿಹರ, ರಾಣೆಬೆನ್ನೂರು, ಹಾವೇರಿ, ಬಾದಾಮಿ ಅಂತ ವರ್ಗವಾಗುತ್ತಾ ಹೋದೆ. ಹೋದಲ್ಲೆಲ್ಲ ಕೂಡಿಸಿದೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳು ಸಾಲಾಗಿ ಟೆಂಟು ಹಾಕುತ್ತವಲ್ಲ, ಅಲ್ಲಿ ಒಂದೇ ರಾತ್ರಿಗೆ ಕೈತುಂಬಾ ಸಿಗುತ್ತಿದ್ದವು. ನಮ್ಮೂರಿನದೇ ಆದ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯವು ಇವೆ, ಹಿರಣ್ಣಯ್ಯ ಮಿತ್ರ ಮಂಡಳಿಯವು ಇವೆ, ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘದವು ಇವೆ. ಹೆಸರೇ ಕೇಳಿರದ ಕಂಪನಿಗಳವೇ ಜಾಸ್ತಿ.

ಒಂದನ್ನು ತೋರಿಸುತ್ತೇನೆ. ಗುಲಾಬಿ ಬಣ್ಣದ ತೆಳು ಕಾಗದ, ಈಗ ಅರ್ಧ ಕಂದು. ಮೇಲೆ ಮರದ ಅಚ್ಚಿನ ದಪ್ಪ ಅಕ್ಷರ. "ಮೊಕ್ಕಾಂ ದಾವಣಗೆರೆ. ಶನಿವಾರ ತಾ. 14ರಂದು ರಾತ್ರಿ 9-30ಕ್ಕೆ." ಕೆಳಗೆ ಟಿಕೇಟಿನ ದರ, ಚಾಪೆಗೆ 25 ನ.ಪೈ. ಸ್ತ್ರೀಯರಿಗೆ ಪ್ರತ್ಯೇಕ ವ್ಯವಸ್ಥೆ ಇದೆ ಅಂತ ಒಂದು ಸಾಲು. ತುದಿಯಲ್ಲಿ ಪ್ರೆಸ್ಸಿನ ಹೆಸರು. ಇಸವಿ ಎಲ್ಲೂ ಇಲ್ಲ! ನಾಳೆ ರಾತ್ರಿ ನಾಟಕಕ್ಕೆ ಇಸವಿ ಯಾಕೆ ಬೇಕು ಹೇಳಿ. ಆದರೆ "ನ.ಪೈ." ಅಂದರೆ ನಯಾ ಪೈಸೆ. ಆ ಹೆಸರು 1957ರಿಂದ 1964ರ ತನಕ ಮಾತ್ರ ಇತ್ತು. ಅಂದರೆ ಆ ಏಳು ವರ್ಷದೊಳಗಿನದು. ಹಿಂದೆ ತಿರುಗಿಸಿದರೆ ಅಪ್ಪನ ಕೈಬರಹ: ಅಕ್ಕಿ ಎರಡು ಸೇರು, ಬೆಲ್ಲ ಅರ್ಧ ವೀಸೆ, ಬಾಕಿ. ಬಾಕಿ ಇಟ್ಟವರು ಯಾರು ಅಂತ ನನಗೆ ಗೊತ್ತು. ಅವರ ಮದುವೆ ಯಾವ ವರ್ಷ ಆಯಿತು ಅಂತಲೂ ಗೊತ್ತು, ಈ ಸಾಮಾನು ಆ ಮದುವೆಯ ಹಿಂದಿನ ವಾರದ್ದು. ಹೀಗೆ ಕೂಡಿಸಿ ಕಳೆದು 1961 ಅಂತ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ.

ಇಂಥ ಪೆನ್ಸಿಲ್ ಗುರುತು ಬಿದ್ದಿರುವುದು ಹೆಚ್ಚೆಂದರೆ ಆರುನೂರಕ್ಕೆ. ಉಳಿದಿದ್ದೆಲ್ಲ ನನ್ನ ತಲೆಯಲ್ಲಿದೆ. ತಲೆ ಹೋದ ದಿನ ಅದು ಹೋಯಿತು. ಮಿಕ್ಕಿದ್ದು ರದ್ದಿ, ಅದೂ ತೂಕ ಬರದ ರದ್ದಿ.

ಮಕ್ಕಳನ್ನು ಬೈಯಬೇಡಿ ಸ್ವಾಮಿ. ನನ್ನ ಮಗಳು ನೇರವಾಗಿ ಹೇಳಿದಳು: "ಅಪ್ಪಾಜಿ, ಬೇಜಾರು ಮಾಡ್ಕೋಬೇಡಿ. ನಮ್ಮದು ಎರಡು ಬೆಡ್‌ರೂಮ್ ಮನೆ. ಮಂಚದ ಕೆಳಗೆ ಇಟ್ಟರೂ ನಾಲ್ಕು ಡಬ್ಬಿ ಹಿಡಿಯುತ್ತೆ, ಉಳಿದ ಹತ್ತು?" ಸರಿಯಾದ ಮಾತು. ಒಂದು ಸಾವಾದ ಮನೆಯ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ಹದಿಮೂರು ದಿನ ನೆಂಟರು. ಹದಿನಾಲ್ಕನೇ ದಿನ ಮಗನಿಗೆ ಪುಣೆಗೆ ರೈಲು. ರಜೆ ಮುಗಿದಿದೆ, ಮನೆ ಬಾಡಿಗೆಗೆ ಕೊಡಬೇಕು, ಕೋಣೆ ಖಾಲಿ ಆಗಬೇಕು. ಅವತ್ತು ಬೀದಿಯಲ್ಲಿ ಕೂಗುತ್ತಾ ಬರುವ ಗುಜರಿಯವನೇ ಈ ರಾಜ್ಯದ ದೊಡ್ಡ ಪತ್ರಾಗಾರ. ಫೋನ್ ಮಾಡುವುದು ಬೇಡ, ಅರ್ಜಿ ಬೇಡ, ತಾನೇ ಬಾಗಿಲಿಗೆ ಬರುತ್ತಾನೆ.

ಹಾಗಾದರೆ ಲೈಬ್ರರಿಗೆ ಕೊಡಿ ಅನ್ನುತ್ತೀರಿ. ನನ್ನ ಗೆಳೆಯರೊಬ್ಬರು, ಹೈಸ್ಕೂಲ್ ಮೇಷ್ಟ್ರು, ಹಳೇ ಮಾಸಪತ್ರಿಕೆ ಕೂಡಿಸಿದ್ದರು. 1942ರಲ್ಲಿ ಶುರುವಾದ 'ಕೊರವಂಜಿ'ಯ ಬಹುಪಾಲು ಸಂಚಿಕೆ ಅವರಲ್ಲಿದ್ದವು. ಅವರು ಹೋದ ಮೇಲೆ ಮಗ ಹನ್ನೊಂದು ಗೋಣಿಚೀಲ ತುಂಬಿ ಒಂದು ಊರಿನ ಲೈಬ್ರರಿಗೆ ಕೊಟ್ಟ. ಶಾಲು ಹೊದಿಸಿದರು, ಫೋಟೋ ತೆಗೆದರು. ಎರಡು ವರ್ಷ ಬಿಟ್ಟು ಒಂದು ಸಂಚಿಕೆ ನೋಡಬೇಕಾಗಿ ನಾನು ಅಲ್ಲಿಗೆ ಹೋದೆ. ಚೀಲಗಳು ಮೆಟ್ಟಿಲ ಕೆಳಗೆ, ಹಾಕಿದ ಹೊಲಿಗೆ ಹಾಗೇ ಇತ್ತು. ಎರಡಕ್ಕೆ ಕೆಳಗಿನಿಂದ ಗೆದ್ದಲು ಹತ್ತಿತ್ತು.

ಅಲ್ಲಿದ್ದವರ ಮೇಲೆ ರೇಗಿದೆ. ಅವರು ಕುರ್ಚಿ ಕೊಟ್ಟು, ಚಹಾ ತರಿಸಿ, ಸಮಾಧಾನವಾಗಿ ಹೇಳಿದರು: "ಸಾರ್, ಒಂದು ಪುಸ್ತಕ ಒಳಗೆ ತಗೋಬೇಕು ಅಂದ್ರೆ ರಿಜಿಸ್ಟರ್‌ನಲ್ಲಿ ನಂಬರ್ ಹಾಕಬೇಕು, ಬೆಲೆ ಬರೀಬೇಕು. ನಾಲ್ಕಾಣೆ ಪತ್ರಿಕೆಗೆ ನಾನು ಎಷ್ಟು ಬೆಲೆ ಬರೀಲಿ? ಬರೆದ ಮೇಲೆ ನಾಳೆ ಆಡಿಟ್‌ನಲ್ಲಿ ಒಂದು ಕಾಣಲಿಲ್ಲ ಅಂದ್ರೆ ನನ್ನ ತಲೆ ಮೇಲೆ ಬರುತ್ತೆ. ಬರೀದೇ ಇದ್ರೆ ಯಾರೂ ಕೇಳಲ್ಲ." ನನಗೆ ಮಾತೇ ಹೊರಡಲಿಲ್ಲ. ಮೂವತ್ತೇಳು ವರ್ಷ ರಿಜಿಸ್ಟರ್ ಬರೆದವನು ನಾನು. ಅವರು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು. ಉಡುಗೊರೆ ತಗೊಂಡವನಿಗೆ ಅಪಾಯ, ಮೆಟ್ಟಿಲ ಕೆಳಗೆ ಬಿಟ್ಟವನಿಗೆ ನೆಮ್ಮದಿ. ವ್ಯವಸ್ಥೆ ಹಾಗಿದ್ದರೆ ಯಾವ ಒಳ್ಳೆಯವನೂ ಚೀಲ ಬಿಚ್ಚುವುದಿಲ್ಲ.

ಇದೇ ರಾಜ್ಯದಲ್ಲಿ ಕಣ್ಣಿನ ವಿಷಯ ನೋಡಿ. ಬದುಕಿದ್ದಾಗಲೇ ಒಂದು ಫಾರಂ ತುಂಬುತ್ತೇವೆ. ಸತ್ತ ಮೇಲೆ ಮನೆಯವರು ಒಂದು ಫೋನ್ ಮಾಡಿದರೆ ಸಾಕು. ಆರು ಗಂಟೆಯೊಳಗೆ ತೆಗೆಯಬೇಕು ಅಂತ ಅವರೇ ಓಡಿ ಬರುತ್ತಾರೆ. 2006ರಲ್ಲಿ ರಾಜ್‌ಕುಮಾರ್ ಕಣ್ಣು ಕೊಟ್ಟರು, 2021ರಲ್ಲಿ ಪುನೀತ್ ಕೊಟ್ಟರು, ಆಮೇಲೆ ಜನ ಸಾಲುಗಟ್ಟಿ ಹೆಸರು ಬರೆಸಿದರು. ನಾನೂ ಬರೆಸಿದ್ದೇನೆ, ಕಾರ್ಡು ಪರ್ಸಿನಲ್ಲಿದೆ. ದೇಹವನ್ನೇ ಮೆಡಿಕಲ್ ಕಾಲೇಜಿಗೆ ಬರೆದು ಕೊಡಬಹುದು. ಬೇಡವಾದರೆ ಅವರು ಮೊದಲೇ ಬೇಡ ಅನ್ನುತ್ತಾರೆ. ನನ್ನ ಕಣ್ಣಿಗೆ ಸಿಕ್ಕ ಮರ್ಯಾದೆ ಆ ಕಣ್ಣು ಐವತ್ತು ವರ್ಷ ನೋಡಿ ಆರಿಸಿದ ಕಾಗದಕ್ಕೆ ಸಿಗುವುದಿಲ್ಲ.

ಆಗದ ಕೆಲಸವೇನಲ್ಲ ಇದು. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ರಾಜ್ಯಗಳ ಗೆರೆ ಎಳೆದಾಗಿತ್ತು, ಅವರ ಮನೆ ಕೇರಳದಲ್ಲಿ ಉಳಿದಿತ್ತು. ಆದರೆ ಅವರ ಪುಸ್ತಕ ಭಂಡಾರ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಬಂತು. ಅವರ ಹೆಸರಿನ ಸಂಶೋಧನ ಕೇಂದ್ರವೇ ಅಲ್ಲಿ ಬೆಳೆಯಿತು. ತೆಗೆದುಕೊಳ್ಳುವ ಕೈ ಸಿದ್ಧವಾಗಿತ್ತು, ಕೊಡುವ ಮನೆಯವರೂ ಇದ್ದರು, ಅಷ್ಟೇ.

ನನಗೆ ಹೊಟ್ಟೆಕಿಚ್ಚು ಬರಿಸುವುದು ತಮಿಳುನಾಡಿನ ಕತೆ. ಚೆಟ್ಟಿನಾಡಿನ ಕೋಟ್ಟೈಯೂರಿನಲ್ಲಿ ರೋಜಾ ಮುತ್ತಯ್ಯ ಅಂತ ಒಬ್ಬರಿದ್ದರು. ಜೀವಮಾನವೆಲ್ಲ ತಮಿಳು ಪುಸ್ತಕ, ಪತ್ರಿಕೆ, ಕರಪತ್ರ ಅಂತ ಹತ್ತಾರು ಸಾವಿರ ಕೂಡಿಸಿದರು. 1992ರಲ್ಲಿ ಹೋದರು. ಸಂಗ್ರಹ ಚೆಲ್ಲಾಪಿಲ್ಲಿ ಆಗುವ ಮುಂಚೆ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯ 1994ರಲ್ಲಿ ಅದನ್ನು ಕೊಂಡಿತು. ಕೊಂಡು ಹಡಗು ಹತ್ತಿಸಿದರೇ? ಇಲ್ಲ. ಚೆನ್ನೈನಲ್ಲೇ ಅವರ ಹೆಸರಲ್ಲಿ ಸಂಶೋಧನಾ ಗ್ರಂಥಾಲಯ ಮಾಡಿದರು. ಈಗ ತಮಿಳಿನ ಹಳೇ ಅಚ್ಚಿನ ಬಗ್ಗೆ ಕೆಲಸ ಮಾಡುವವರು ಅಲ್ಲಿಗೆ ಹೋಗದೆ ಇರುವುದಿಲ್ಲ. ದೂರದ ಊರಿನವರಿಗೆ ಕಂಡ ಬೆಲೆ ಊರಿನವರಿಗೆ ಕಾಣಲು ಇಷ್ಟು ಕಷ್ಟ ಯಾಕೋ ಗೊತ್ತಿಲ್ಲ. ನಮ್ಮಲ್ಲೇ ನೋಡಿ, ಮೈಸೂರಿನ ಆರ್.ಕೆ. ನಾರಾಯಣರ ಹಸ್ತಪ್ರತಿ, ಕಾಗದ ಪತ್ರ ಬೋಸ್ಟನ್ ವಿಶ್ವವಿದ್ಯಾಲಯದಲ್ಲಿವೆ. ಇಲ್ಲಿ ಅವರ ಮನೆಯನ್ನು ಕೆಡವಲು ಹೊರಟಾಗ ಎಚ್ಚರವಾಗಿ, 2016ರಲ್ಲಿ ಮ್ಯೂಸಿಯಂ ಮಾಡಿದೆವು. ಗೋಡೆ ಉಳಿಯಿತು, ಕಾಗದ ಅಲ್ಲಿ.

ಪಾಂಡವಪುರದ ಹತ್ತಿರ ಹರಳಹಳ್ಳಿಯ ಅಂಕೇಗೌಡರ ಪುಸ್ತಕ ಮನೆಗೆ ನಾನು ಹೋಗಿ ಬಂದಿದ್ದೇನೆ. ಒಬ್ಬ ಮನುಷ್ಯ ಲಕ್ಷಗಟ್ಟಲೆ ಪುಸ್ತಕ ಸೇರಿಸಿ, ಯಾರು ಬೇಕಾದರೂ ಬಂದು ಓದಲಿ ಅಂತ ಬಾಗಿಲು ತೆಗೆದಿಟ್ಟಿದ್ದಾರೆ. ಅವರಿಗೆ ಪದ್ಮಶ್ರೀ ಬಂತು, ಬಹಳ ಸಂತೋಷ. ಆದರೆ ಎಲ್ಲರೂ ಅಂಕೇಗೌಡರಾಗಲು ಆಗುವುದಿಲ್ಲ. ನಮ್ಮಂಥವರದು ಹದಿನಾಲ್ಕು ಡಬ್ಬಿಯ ಗಾತ್ರದ ಹುಚ್ಚು.

ನಾನು ಕೇಳುತ್ತಿರುವುದು ಮ್ಯೂಸಿಯಂ ಅಲ್ಲ, ಪ್ರಶಸ್ತಿ ಅಲ್ಲ, ನನ್ನ ಹೆಸರಿನ ಕೋಣೆ ಖಂಡಿತ ಅಲ್ಲ. ಹೆಸರಿನ ಕೋಣೆ ಅಂದ ಕೂಡಲೇ ಉದ್ಘಾಟನೆ ಆಗುತ್ತದೆ, ಬೀಗ ಬೀಳುತ್ತದೆ. ಬೀಗದ ಕೈ ಇಟ್ಟುಕೊಂಡವರು ಯಾವಾಗಲೂ ರಜೆಯಲ್ಲಿರುತ್ತಾರೆ.

ಒಂದು ಫಾರಂ ಮಾಡಿಸಿ. ಜಿಲ್ಲೆಯ ಕೇಂದ್ರ ಗ್ರಂಥಾಲಯದಲ್ಲಿ ಸಿಗುವಂತಿರಲಿ. ಬದುಕಿರುವಾಗಲೇ ನಾವು ತುಂಬಿ ಕೊಡುತ್ತೇವೆ: ಏನಿದೆ, ಎಷ್ಟಿದೆ, ಯಾವ ಸ್ಥಿತಿಯಲ್ಲಿದೆ. ತಿಳಿದವರು ಒಬ್ಬರು ಮನೆಗೆ ಬಂದು ನೋಡಲಿ. ಮೂರು ತಿಂಗಳಲ್ಲಿ ಬರವಣಿಗೆಯಲ್ಲಿ ಉತ್ತರ ಕೊಡಲಿ, ಬೇಕು ಅಥವಾ ಬೇಡ. ಬೇಡ ಅಂದರೆ ನನಗೇನೂ ಅವಮಾನವಿಲ್ಲ. ಕೂಡಿಸಿದ್ದೆಲ್ಲ ಚಿನ್ನ ಅಂತ ತಿಳಿಯುವುದು ನಮ್ಮಂಥ ಕೂಡಿಸುವವರ ರೋಗ. ನನ್ನ ಬೀರುವಿನಲ್ಲಿ ಎಲ್ಲರ ಮನೆಯಲ್ಲೂ ಇದ್ದ ವಾರಪತ್ರಿಕೆಗಳೂ ಇವೆ, ಅವು ನಿಮಗೆ ಬೇಡ, ನನಗೂ ಬೇಡ. 1998ರಲ್ಲಿ ಬಹಳ ಜಾಣತನ ಮಾಡಿದೆ ಅಂದುಕೊಂಡು ನಲವತ್ತು ಹ್ಯಾಂಡ್‌ಬಿಲ್‌ಗೆ ಲ್ಯಾಮಿನೇಷನ್ ಮಾಡಿಸಿದೆ. ಈಗ ಗುಳ್ಳೆ ಎದ್ದು ಹಳದಿ ತಿರುಗಿವೆ. ಅವನ್ನೂ ಬೇಡ ಅನ್ನಿ, ಬೈದೇ ಹೇಳಿ. ಬೇಡ ಅಂತ ಇವತ್ತೇ ಗೊತ್ತಾದರೆ ಬೇರೆ ಕಡೆ ಕೇಳಲು ಟೈಮಾದರೂ ಇರುತ್ತದೆ. ನನ್ನನ್ನು ಕೊಲ್ಲುವುದು "ನೋಡೋಣ, ಇರಲಿ" ಅನ್ನುವ ಮಾತು.

ಬೇಕು ಅಂದರೆ ಒಂದು ಮಧ್ಯಾಹ್ನ ರೆಕಾರ್ಡರ್ ಇಟ್ಟುಕೊಂಡು ಯಾರಾದರೂ ನನ್ನ ಮುಂದೆ ಕೂರಬೇಕು. ಒಂದೊಂದೇ ಡಬ್ಬಿ ತೆಗೆದು ಇದು ಎಲ್ಲಿಯದು, ಯಾವ ವರ್ಷದ್ದು, ಯಾರು ಕೊಟ್ಟರು ಅಂತ ಹೇಳುತ್ತೇನೆ. ಕಾಗದಕ್ಕಿಂತ ಇದು ಮುಖ್ಯ. ಕಾಗದವನ್ನು ನಾಳೆಯೂ ಸ್ಕ್ಯಾನ್ ಮಾಡಬಹುದು.

ಇನ್ನೊಂದು ಮಾತು ನಿಮ್ಮ ಕೈಯಲ್ಲೇ ಇದೆ. ದಾನವಾಗಿ ಬಂದದ್ದಕ್ಕೆ ಬೇರೆ ರಿಜಿಸ್ಟರ್ ಇರಲಿ. ಬೆಲೆಯ ಕಾಲಂ ಇಲ್ಲದ ರಿಜಿಸ್ಟರ್. ಅದರಲ್ಲೊಂದು ಕಾಣೆಯಾದರೆ ಆ ಬಡಪಾಯಿ ಗ್ರಂಥಪಾಲಕರಿಂದ ವಸೂಲಿ ಇಲ್ಲ ಅಂತ ಒಂದು ಆದೇಶ ಹೊರಡಿಸಿ. ಎರಡು ಪ್ರತಿ ಇದ್ದರೆ ಒಂದನ್ನು ಬೇರೆ ಜಿಲ್ಲೆಗೆ ಕೊಡಲು ನಮ್ಮ ಒಪ್ಪಿಗೆಯನ್ನು ಫಾರಂನಲ್ಲೇ ಪಡೆದುಕೊಳ್ಳಿ. ಇದಕ್ಕೆಲ್ಲ ದುಡ್ಡೆಲ್ಲಿ ಅನ್ನಬೇಡಿ. 1965ರ ಗ್ರಂಥಾಲಯ ಕಾಯ್ದೆ ಬಂದಾಗಿನಿಂದ ಗ್ರಂಥಾಲಯ ಕರ ಇದೆ. ಈಗಲೂ ಮನೆ ಕಂದಾಯದ ಮೇಲೆ ಶೇ 6 ಕಟ್ಟುತ್ತೇವೆ, ನನ್ನ ರಸೀದಿಗಳೂ ಒಂದು ಡಬ್ಬಿಯಲ್ಲಿವೆ.

ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಒಬ್ಬ ಪಂಡಿತರು ಒಂದು ತಾಳೆಗರಿ ಕಟ್ಟು ತಂದುಕೊಟ್ಟರು. 1905ರಲ್ಲಿ ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರ ಅಂತ ಗುರುತಿಸಿದರು, 1909ರಲ್ಲಿ ಅಚ್ಚಾಯಿತು. ಕಟ್ಟು ತಂದ ದಿನ ಅಲ್ಲಿ ಕೂತಿದ್ದವರು "ಇದಕ್ಕೆ ಎಷ್ಟು ಬೆಲೆ ಬರೀಲಿ" ಅಂತ ಕೇಳಿದ್ದರೆ ಆ ಪಂಡಿತರು ಏನು ಹೇಳುತ್ತಿದ್ದರೋ! ನನ್ನ ಡಬ್ಬಿಯಲ್ಲಿ ಅರ್ಥಶಾಸ್ತ್ರ ಇಲ್ಲ, ಹೆದರಬೇಡಿ. ಚಾಪೆಗೆ 25 ನಯಾ ಪೈಸೆ ಇದ್ದ ಕಾಲದಲ್ಲಿ ಒಂದು ಊರು ರಾತ್ರಿ ಎಲ್ಲಿ ಹೋಗಿ ಕೂರುತ್ತಿತ್ತು, ಯಾರ ಹೆಸರು ದಪ್ಪಕ್ಷರದಲ್ಲಿ ಬರುತ್ತಿತ್ತು, ಮರುದಿನ ಅಕ್ಕಿ ಸಾಲಕ್ಕೆ ಯಾರು ಬರುತ್ತಿದ್ದರು, ಇಷ್ಟೇ ಇದೆ.

ವಕೀಲರು ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಆ ಸಾಲು ಬಿಟ್ಟು ಸಹಿ ಹಾಕಿಬಿಡಿ, ಆಮೇಲೆ ಸೇರಿಸಿದರಾಯಿತು ಅಂತ. ದೀಪಾವಳಿ ತನಕ ತಡೆಯಿರಿ ಅಂದಿದ್ದೇನೆ.

ಯಾರನ್ನಾದರೂ ಕಳಿಸುವುದಾದರೆ ಸಂಜೆ ನಾಲ್ಕರ ಮೇಲೆ ಕಳಿಸಿ. ಆ ಕೋಣೆಗೆ ಇರುವುದು ಪಡುವಣದ ಕಿಟಕಿ ಒಂದೇ. ಪೆನ್ಸಿಲ್ ಅಕ್ಷರ ಕಾಣುವಷ್ಟು ಬೆಳಕು ಆಗಲೇ ಬರುವುದು.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಅಂಚೆ ಗುಮಾಸ್ತ,
ದಾವಣಗೆರೆ