ಬೈಟು ಕಾಫಿ ನಿಲ್ಲಿಸ್ಬೇಡಿ

ಮಾನ್ಯ ಸಂಪಾದಕರೇ,

ಮೊನ್ನೆ ಶನಿವಾರ ಅಮ್ಮನ್ನ ಕಣ್ಣಿನ ಚೆಕಪ್‌ಗೆ ಕರ್ಕೊಂಡು ಹೋಗಿದ್ದೆ. ವಾಪಸ್ ಬರೋವಾಗ ಹನ್ನೊಂದು ಗಂಟೆ ಆಗಿತ್ತು, ಡ್ರಾಪ್ಸ್ ಹಾಕಿದ್ರಿಂದ ಅವರಿಗೆ ಎಲ್ಲಾ ಮಂಜು ಮಂಜು, ಸ್ವಲ್ಪ ಹೊತ್ತು ಕೂತು ಹೋಗೋಣ ಅಂತ ನಮ್ಮ ಏರಿಯಾದಲ್ಲಿ ಹೊಸದಾಗಿ ಶುರುವಾಗಿರೋ ಒಂದು ಹೋಟೆಲಿಗೆ ಹೋದ್ವಿ. ಎರಡು ಪ್ಲೇಟ್ ಇಡ್ಲಿ, ಒಂದು ಬೈಟು ಕಾಫಿ ಅಂದೆ. ಕೌಂಟರ್‌ನಲ್ಲಿದ್ದ ಹುಡುಗ ಮಾತಾಡ್ದೆ ಹಿಂದಿದ್ದ ಬೋರ್ಡ್ ತೋರಿಸ್ದ. ‘ಬೈಟು ಇರುವುದಿಲ್ಲ’. ಹೋಗ್ಲಿ, ಒಂದು ಖಾಲಿ ಲೋಟ ಕೊಡಪ್ಪಾ ನಾವೇ ಹಾಕ್ಕೋತೀವಿ ಅಂದ್ರೆ ಅದೂ ಇಲ್ಲ, ಪೇಪರ್ ಕಪ್‌ಗೆ ಲೆಕ್ಕ ಇದೆ ಮೇಡಂ ಅಂದ. ಹುಡುಗನ ಮೇಲೆ ನನಗೇನೂ ಕೋಪ ಇಲ್ಲ, ಅವನು ಹೇಳಿದ್ದು ಮಾಡೋನು. ಎರಡು ಫುಲ್ ತಗೊಂಡ್ವಿ.

ಅಮ್ಮಂಗೆ ಎಪ್ಪತ್ತೆಂಟು. ಕಾಫಿ ಕಮ್ಮಿ ಮಾಡಿ ಅಂತ ಡಾಕ್ಟ್ರು ಹೇಳಿ ವರ್ಷ ಆಯ್ತು, ಬೆಳಗ್ಗೆ ಮನೇಲಿ ಒಂದು, ಆಮೇಲೆ ಏನಿದ್ರೂ ಅರ್ಧ ಲೋಟ. ಅರ್ಧ ಕುಡಿದು ಕಪ್ ಕೆಳಗಿಟ್ರು. ಇಟ್ಟವರು ಸುಮ್ನಿರಲಿಲ್ಲ, ಒಂದು ಟಿಶ್ಯೂ ಪೇಪರ್ ತಗೊಂಡು ಕಪ್ ಮೇಲೆ ಮುಚ್ಚಿದ್ರು, ಮನೇಲಿ ಮಿಕ್ಕಿದ ಹಾಲಿಗೆ ತಟ್ಟೆ ಮುಚ್ಚೋ ಹಾಗೆ. ಜೀವನದಲ್ಲಿ ತಟ್ಟೇಲಿ ಒಂದು ಅಗಳು ಬಿಟ್ಟವರಲ್ಲ ಅವರು. ಟೇಬಲ್ ಒರೆಸೋಕೆ ಬಂದವರು ಅದನ್ನ ಹಾಗೇ ಎತ್ತಿ ಬಕೆಟ್‌ಗೆ ಹಾಕಿದ್ರು. ಆ ಹೋಟೆಲಿನ ಹೆಸರು ನಾನು ಬರೀತಿಲ್ಲ, ಈ ಥರ ಬೋರ್ಡು ಅವರೊಬ್ಬರದ್ದೇ ಅಲ್ಲ, ಈಚೆಗೆ ಇನ್ನೂ ಮೂರ್ನಾಲ್ಕು ಕಡೆ ನೋಡಿದೀನಿ, ಅದಕ್ಕೇ ಈ ಪತ್ರ.

ನಮ್ಮಪ್ಪ ಪ್ರಿಂಟಿಂಗ್ ಪ್ರೆಸ್ಸಲ್ಲಿ ಕಂಪೋಸಿಂಗ್ ಕೆಲಸ ಮಾಡ್ತಿದ್ರು. ಚಾಮರಾಜಪೇಟೇಲಿ ಅವರ ಪ್ರೆಸ್ ಹತ್ರ ಆರೇ ಟೇಬಲ್ ಇದ್ದ ಒಂದು ಸಣ್ಣ ಹೋಟೆಲಿತ್ತು, ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ತಿಂಗಳಿಗೆ ಒಂದ್ಸಲ, ಸಂಬಳದ ದಿನ, ಅಮ್ಮ ನಾನು ತಮ್ಮ ಮೂವರೂ ಅಲ್ಲಿಗೆ ಹೋಗ್ತಿದ್ವಿ, ಅಪ್ಪ ಕೈಯಲ್ಲಿದ್ದ ಮಸಿ ತೊಳ್ಕೊಂಡು ಬರೋರು. ಚೌಚೌ ಬಾತ್ ಎರಡು ಪ್ಲೇಟು, ಕಾಫಿ ಎರಡನ್ನ ನಾಲ್ಕು ಮಾಡು. ಸಪ್ಲೈಯರ್ ಅಡುಗೆಮನೆ ಕಡೆ ತಿರುಗಿ ‘ಟೂ ಬೈ ಫೋರ್’ ಅಂತ ಕೂಗೋನು. ಆ ಕೂಗು ಕೇಳೋದೇ ನನಗೂ ತಮ್ಮಂಗೂ ಒಂದು ಖುಷಿ, ನಮಗೂ ದೊಡ್ಡವರ ಹಾಗೆ ಸ್ವಂತ ಲೋಟ ಬರುತ್ತೆ ಅಂತ.

ಕಾಫಿ ಹಾಕೋ ಜಾಗ ನಾವು ಕೂರ್ತಿದ್ದ ಟೇಬಲ್ಲಿಗೆ ಕಾಣ್ತಿತ್ತು. ಭಟ್ರು ನಾಲ್ಕು ಸ್ಟೀಲ್ ಲೋಟ ಒಂದಕ್ಕೊಂದು ತಾಗೋ ಹಾಗೆ ಸಾಲಾಗಿ ಇಟ್ಟು, ಡಿಕಾಕ್ಷನ್ ಚೊಂಬನ್ನ ಎತ್ತದೇನೇ ಆ ಸಾಲಿನ ಮೇಲೆ ಎಳ್ಕೊಂಡು ಹೋಗೋರು, ಆಮೇಲೆ ಹಾಲು ಮೇಲಿಂದ ಉದ್ದಕ್ಕೆ ಸುರಿದು ನೊರೆ ಬರಿಸೋರು. ಅರ್ಧ ಅಂದ್ರೆ ಅರ್ಧಕ್ಕೇ ನಿಲ್ಲಿಸ್ತಿರಲಿಲ್ಲ. ಕೈ ಸ್ವಲ್ಪ ಮುಂದೆ ಹೋಗೋದು, ಪ್ರತಿ ಲೋಟಕ್ಕೂ ಒಂದು ಗುಟುಕು ಜಾಸ್ತಿ, ಹಾಗಾಗಿ ಎರಡು ಬೈಟು ಸೇರಿಸಿದ್ರೆ ಒಂದು ಫುಲ್‌ಗಿಂತ ಹೆಚ್ಚೇ ಆಗೋದು. ನಾನು ನೋಡಿದ ಎಲ್ಲಾ ಸಣ್ಣ ಹೋಟೆಲಲ್ಲೂ ಹೀಗೇ, ಯಾರೂ ಬಾಯಿಬಿಟ್ಟು ಹೇಳಲ್ಲ, ಗಿರಾಕಿಗೂ ಗೊತ್ತು ಓನರ್‌ಗೂ ಗೊತ್ತು.

ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಅಪ್ಪ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಕರ್ಕೊಂಡು ಹೋಗಿದ್ರು. 1943ರಿಂದ ಇರೋ ಜಾಗ, ಸಪ್ಲೈಯರ್ ಒಂದೇ ಕೈ ಮೇಲೆ ಹತ್ತು ಹನ್ನೆರಡು ದೋಸೆ ಪ್ಲೇಟು ಒಂದರ ಮೇಲೊಂದು ಪೇರಿಸ್ಕೊಂಡು ಬರೋದನ್ನ ನಾನು ಮೊದಲು ನೋಡಿದ್ದು ಅವತ್ತೇ. ನಾಲ್ಕು ಜನಕ್ಕೆ ಮೂರು ಮಸಾಲೆ ಹೇಳಿದ್ರು ಅಪ್ಪ, ನನಗೆ ಒಂದು ಪೂರ್ತಿ, ಮಿಕ್ಕಿದ್ದು ಹಂಚ್ಕೊಂಡ್ರು. ನಾನೂ ಅತ್ತಿಗೇನೂ ಮಲ್ಲೇಶ್ವರದ ನ್ಯೂ ಕೃಷ್ಣ ಭವನಕ್ಕೆ ಹೋದ್ರೂ ಅದೇ, ಒಂದು ಗ್ರೀನ್ ಮಸಾಲಾ ಇಡ್ಲಿ ಒಂದು ಬಟನ್ ಇಡ್ಲಿ, ಅರ್ಧ ಆದ್ಮೇಲೆ ಪ್ಲೇಟ್ ಅದಲುಬದಲು. 2023ರ ಡಿಸೆಂಬರ್‌ನಲ್ಲಿ ಅದು ಮುಚ್ಚಿತು ಅಂತ ಓದಿದಾಗ ಅತ್ತಿಗೆ ಫೋನ್ ಮಾಡಿ ಅತ್ತೇಬಿಟ್ರು.

ಬೈಟು ಅಂದ್ರೆ ಜಿಪುಣತನ ಅಂದ್ಕೊಂಡಿರೋರಿಗೆ ಒಂದು ಮಾತು ಹೇಳ್ಬೇಕು. ಪೂರ್ತಿ ಕಾಫಿಗೆ ದುಡ್ಡಿರೋರೇ ಜಾಸ್ತಿ ಬೈಟು ಕೇಳೋದು. ಊಟ ಆಗಿರುತ್ತೆ, ಹಸಿವು ಇರಲ್ಲ, ಆದ್ರೆ ಎದುರು ಸಿಕ್ಕವರ ಜೊತೆ ಹತ್ತು ನಿಮಿಷ ನಿಂತು ಮಾತಾಡ್ಬೇಕು, ‘ಬನ್ರೀ ಬೈಟು ಹೊಡೆಯೋಣ’ ಅಂತೀವಲ್ಲ, ಅದಕ್ಕೆ ‘ಬೇಡ’ ಅನ್ನೋಕಾಗಲ್ಲ, ಅರ್ಧ ಲೋಟ ತಾನೇ. ಫುಲ್ ಕಾಫಿಗೆ ಕರೆದ್ರೆ ಎಷ್ಟೋ ಜನ ಈಗಷ್ಟೇ ಆಯ್ತು ಅಂತ ಹೊರಟುಬಿಡ್ತಾರೆ. ಅಪ್ಪನ ಜೊತೆ ಪ್ರೆಸ್ಸಲ್ಲಿ ಜಗಳ ಆಡಿ ಮೂರು ತಿಂಗಳು ಮಾತು ಬಿಟ್ಟಿದ್ದ ಒಬ್ಬರು, ಒಂದು ದಿನ ಪ್ರೆಸ್ ಹತ್ರದ ಆ ಸಣ್ಣ ಹೋಟೆಲಿಗೆ ಬಂದು ಎದುರು ಕೂತು ಬೈಟು ಹೇಳಿದ್ರಂತೆ, ಅಷ್ಟೇ, ಕ್ಷಮೆ ಗಿಮೆ ಏನಿಲ್ಲ, ರಾಜಿ ಆಯ್ತು. ಅಪ್ಪ ಹೋದಾಗ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು.

ಹೋಟೆಲ್ ನಡೆಸೋರ ಕಷ್ಟ ನನಗೆ ಅರ್ಥ ಆಗಲ್ಲ ಅಂತಲ್ಲ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು, ಕಾಫಿಪುಡಿ ರೇಟಂತೂ ಮನೆಗೆ ತರೋ ನಮಗೇ ಗೊತ್ತಾಗ್ತಿದೆ, ಗ್ಯಾಸು, ಬಾಡಿಗೆ, ಕೆಲಸಕ್ಕೆ ಜನ ಸಿಗದೇ ಇರೋದು ಬೇರೆ. ಒಂದು ಕಾಫಿಗೆ ಎರಡು ಸೀಟು ಅರ್ಧ ಗಂಟೆ ಹೋದ್ರೆ ಯಾರಿಗಾದ್ರೂ ನಷ್ಟಾನೇ. ಅದಕ್ಕೆ ನಾನು ಕೇಳೋದು ಇಷ್ಟು, ಬೈಟುಗೆ ಐದು ರೂಪಾಯಿ ಜಾಸ್ತಿ ತಗೊಳ್ಳಿ. ಬೋರ್ಡಲ್ಲೇ ಹಾಕಿ, ಕಾಫಿ ಇಷ್ಟು, ಬೈಟು ಇಷ್ಟು. ಕೆಲವು ಕಡೆ ಆಗ್ಲೇ ತಗೋತಿದಾರೆ, ಯಾರೂ ಜಗಳ ಮಾಡೋದು ನಾನು ನೋಡಿಲ್ಲ. ಪೇಪರ್ ಕಪ್ ಖರ್ಚು ಅನ್ನೋದಾದ್ರೆ ಸ್ಟೀಲ್ ಲೋಟ ಇಡಿ, ಬಿಸಿನೀರಲ್ಲಿ ತೊಳೆದು ಕೊಡಿ, ಅದರಲ್ಲಿ ಕಾಫಿ ರುಚೀನೂ ಬೇರೆ. ರಶ್ ಇರೋ ಬೆಳಗಿನ ಎರಡು ಗಂಟೆ ಬೇಡ ಅಂದ್ರೂ ಸರಿ, ಹತ್ತೂವರೆ ಮೇಲೆ ಕೊಡಿ. ಹೋಟೆಲ್ ಮಾಲೀಕರ ಸಂಘದವರು ಇದನ್ನ ಓದ್ತಿದ್ರೆ ನಿಮ್ಮ ಮೀಟಿಂಗಲ್ಲಿ ದಯವಿಟ್ಟು ಒಂದ್ಸಲ ಮಾತಾಡಿ.

ಅಮ್ಮನ ಮುಂದಿನ ಚೆಕಪ್ ಮೂರು ತಿಂಗಳಿಗಿದೆ. ಅಷ್ಟರಲ್ಲಿ ಆ ಬೋರ್ಡ್ ತೆಗೆದಿದ್ರೆ ನಾವು ಅದೇ ಹೋಟೆಲಿಗೆ ಹೋಗ್ತೀವಿ, ಇಡ್ಲಿ ತುಂಬಾ ಚೆನ್ನಾಗಿತ್ತು.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಹನುಮಂತನಗರ, ಬೆಂಗಳೂರು