ಚಿತ್ರವೆಂದು ಮಾರಿ ಟಿವಿಯೆಂದು ಪರೀಕ್ಷಿಸುವ ಕಂಪನಿಗೆ

ಇವರಿಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ಕಾರ್ಯಕ್ರಮ ನೋಡದಿರುವಾಗ ಚೌಕಟ್ಟು ಹಾಕಿದ ಚಿತ್ರದಂತೆ ಗೋಡೆಯ ಮೇಲಿರುವ 55 ಇಂಚಿನ ಆರ್ಟ್ ಟಿವಿಗೆ ಬೇರೆ ಮಾದರಿಯ ಚೌಕಟ್ಟಿನ ಪಟ್ಟಿ ಕೊಟ್ಟಿರುವುದು, ಗೋಡೆಗೆ ಸರಿಯಾಗಿ ಕೂರಿಸದಿರುವುದು ಮತ್ತು ದೂರನ್ನು ಬಗೆಹರಿಸದೆಯೇ ಮುಚ್ಚಿರುವುದರ ಬಗ್ಗೆ.

ಮಾನ್ಯರೇ,

ಫೋನಿನಲ್ಲಿ ಸಮಾಧಾನದಿಂದ ಹೇಳಿ ನೋಡಿದ್ದಾಯಿತು. ಇಮೇಲ್‌ಗೆ ಬಂದದ್ದು ಯಂತ್ರ ಬರೆದ ಉತ್ತರ. ನಿಮ್ಮ ಉತ್ಪನ್ನದ ಬಗ್ಗೆ ನಿಮಗೇ ಪಾಠ ಹೇಳುವ ಆಸೆ ನನಗಿರಲಿಲ್ಲ. ನಿಮ್ಮ ಸೇವಾ ಕೇಂದ್ರದವರ ಜೊತೆ ಮಾತಾಡಿದ ಮೇಲೆ ಬೇರೆ ದಾರಿ ಉಳಿದಿಲ್ಲ.

ದೋಷ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಟಿವಿಯ ಕೆಳ ಅಂಚಿನ ನಡುಭಾಗದಲ್ಲಿ ಉಗುರಗಲದ ಒಂದು ಕಪ್ಪು ಕಿಟಕಿಯಿದೆ. ರಿಮೋಟಿನ ಸಂಕೇತ ಹಿಡಿಯುವುದು, ಕೋಣೆಯ ಬೆಳಕು ಅಳೆಯುವುದು, ಎದುರಿಗೆ ಯಾರಾದರೂ ಅಲುಗಾಡುತ್ತಿದ್ದಾರೆಯೇ ಎಂದು ಗಮನಿಸುವುದು, ಈ ಮೂರೂ ಅದರ ಹಿಂದಿರುವ ಸೆನ್ಸರ್‌ಗಳ ಕೆಲಸ. ಚೌಕಟ್ಟಿನ ನಾಲ್ಕು ಪಟ್ಟಿಗಳು ಅಯಸ್ಕಾಂತದಿಂದ ಟಿವಿಯ ಅಂಚಿಗೆ ಅಂಟಿಕೊಳ್ಳುತ್ತವೆ. ಅವುಗಳಲ್ಲಿ ಕೆಳಗಿನದಕ್ಕೆ ಈ ಕಿಟಕಿಯ ನೇರಕ್ಕೆ ಒಂದು ಕಚ್ಚು ಇರಬೇಕು. ನೀವು ಕಳಿಸಿದ ಪಟ್ಟಿಯಲ್ಲಿ ಕಚ್ಚೇನೋ ಇದೆ, ಇರಬೇಕಾದ ಜಾಗಕ್ಕಿಂತ 8 ಮಿಲಿಮೀಟರ್ ಎಡಕ್ಕಿದೆ. ಕಿಟಕಿಯ ಬಲ ಅರ್ಧ ಮುಚ್ಚಿಹೋಗಿದೆ. ಪಟ್ಟಿಯ ಒಳಮೈಯಲ್ಲಿ ಅಂಟಿಸಿರುವ ಚೀಟಿ ಓದಿದರೆ ಕಾರಣ ಗೊತ್ತಾಗುತ್ತದೆ: ಅದು ಹಿಂದಿನ ವರ್ಷದ ಮಾದರಿಯ ಪಟ್ಟಿ. ಉದ್ದ ಅಷ್ಟೇ, ಬಣ್ಣ ಅದೇ, ಅಯಸ್ಕಾಂತವೂ ಟಕ್ಕೆಂದು ಹಿಡಿಯುತ್ತದೆ. ಹಾಗಾಗಿ ಕಟ್ಟಿ ಕಳಿಸಿದವರಿಗೂ ತಿಳಿಯಲಿಲ್ಲ, ತಂದು ಕೂರಿಸಿದವರಿಗೂ ತಿಳಿಯಲಿಲ್ಲ.

ಅರ್ಧ ಮುಚ್ಚಿದ ಕಿಟಕಿಯಿಂದ ಆಗುವುದಿಷ್ಟು. ಬೆಳಕಿನ ಸೆನ್ಸರ್‌ಗೆ ನಡುಮಧ್ಯಾಹ್ನವೂ ಮುಸ್ಸಂಜೆಯಾಗಿ ಕಾಣುತ್ತದೆ, ಚಿತ್ರದ ಹೊಳಪನ್ನು ಅದು ತಳಕ್ಕೆ ಇಳಿಸುತ್ತದೆ. ಕರ್ಟನ್ ಸರಿಸಿದ ಕೋಣೆಯಲ್ಲಿ ಹಸಿರು ಗದ್ದೆಯ ಚಿತ್ರ ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ಚಲನೆ ಗಮನಿಸುವ ಸೆನ್ಸರ್‌ಗೆ ಸೋಫಾದ ಒಂದು ತುದಿ ಕಾಣಿಸುವುದೇ ಇಲ್ಲ. ಅಲ್ಲಿ ಕೂತವರು ಕೂತಿದ್ದ ಹಾಗೆಯೇ, ಕೋಣೆಯಲ್ಲಿ ಯಾರೂ ಇಲ್ಲವೆಂದು ತೀರ್ಮಾನಿಸಿ ಪರದೆ ಆರಿಹೋಗುತ್ತದೆ. ಕೆಳಪಟ್ಟಿ ಕಿತ್ತಿಟ್ಟರೆ ಒಂದು ನಿಮಿಷದೊಳಗೆ ಹೊಳಪು ಸರಿಹೋಗುತ್ತದೆ, ಮತ್ತೆ ಅಂಟಿಸಿದರೆ ಮತ್ತೆ ಕುಗ್ಗುತ್ತದೆ. ಇದಕ್ಕಿಂತ ಸುಲಭದ ಪರೀಕ್ಷೆ ಇನ್ನೊಂದಿಲ್ಲ, ಸ್ಕ್ರೂಡ್ರೈವರ್ ಕೂಡ ಬೇಡ. ಪಟ್ಟಿ ತೆಗೆದೇ ಇಟ್ಟುಕೊಳ್ಳಿ ಎಂದು ನಿಮ್ಮವರೊಬ್ಬರು ಸಲಹೆ ಕೊಟ್ಟರು. ಮೂರು ಕಡೆ ಮಾತ್ರ ಚೌಕಟ್ಟಿರುವ ಚಿತ್ರವನ್ನು ಅವರು ಎಲ್ಲಿ ನೋಡಿದ್ದಾರೋ ತಿಳಿಸಿದರೆ ನಾನೂ ಹೋಗಿ ನೋಡಿ ಬರುತ್ತೇನೆ.

ಹೊಳಪು ಸ್ವಲ್ಪ ಕಡಿಮೆಯಾದರೆ ಏನಂತೆ ಎಂದು ನಿಮಗನ್ನಿಸಬಹುದು. ಈ ಜಾತಿಯ ಟಿವಿಯ ಪ್ರಾಣವಿರುವುದೇ ಅಲ್ಲಿ. ಗೋಡೆಯ ಮೇಲಿನ ನಿಜವಾದ ಚಿತ್ರಕ್ಕೆ ಸ್ವಂತ ಬೆಳಕಿಲ್ಲ, ಕೋಣೆಯ ಬೆಳಕನ್ನೇ ಅದು ಹಿಂದಕ್ಕೆ ಕೊಡುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ತೈಲಚಿತ್ರಕ್ಕೆ ಸಾಮಾನ್ಯವಾಗಿ 200 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಆಸುಪಾಸು, ಜಲವರ್ಣಕ್ಕೆ 50 ಲಕ್ಸ್ ಆಸುಪಾಸು ಬೆಳಕು ಬಿಡುತ್ತಾರೆ. 200 ಲಕ್ಸ್‌ನಲ್ಲಿ ಬಿಳಿ ಕಾಗದದ ಹೊಳಪು ಹೆಚ್ಚುಕಡಿಮೆ 50 ನಿಟ್ (ಕಣ್ಣಿಗೆ ಬರುವ ಹೊಳಪಿನ ಅಳತೆ). ಸುದ್ದಿಯನ್ನೋ ಕ್ರಿಕೆಟ್ಟನ್ನೋ ತೋರಿಸುವಾಗ ಇದೇ ಪರದೆ ನೂರಾರು ನಿಟ್ ಉಗುಳುತ್ತದೆ. ಅಷ್ಟೇ ಹೊಳಪಿನಲ್ಲಿ ಚಿತ್ರ ಹಾಕಿದರೆ ಅಂಗಡಿಯ ಬೋರ್ಡ್ ಕಂಡಂತಾಗುತ್ತದೆ, ತೀರಾ ಇಳಿಸಿದರೆ ಗೋಡೆಯಲ್ಲಿ ತೂತು ಬಿದ್ದಂತೆ. ಬಣ್ಣದ ಛಾಯೆಯ ಮಾತೂ ಹೀಗೆಯೇ: ಟಿವಿಯ ಬಿಳುಪು ಸಾಮಾನ್ಯವಾಗಿ 6500 ಕೆಲ್ವಿನ್‌ಗೆ ಹೊಂದಿಸಿರುತ್ತದೆ. ಸಂಜೆ ಹೊತ್ತಿಸುವ ಹಳದಿ ಬಲ್ಬು 2700 ಕೆಲ್ವಿನ್. ಈ ಅಂಕಿ ಇಳಿದಷ್ಟೂ ಬೆಳಕು ಹಳದಿ, ಏರಿದಷ್ಟೂ ನೀಲಿ. ಎರಡೂ ಹೊಂದದಿದ್ದರೆ ಚಿತ್ರ ನೀಲಿಗಟ್ಟಿ, ಇದು ಟಿವಿ ಎಂಬುದು ಬಾಗಿಲಲ್ಲೇ ಗೊತ್ತಾಗಿಬಿಡುತ್ತದೆ. ಗಂಟೆ ಗಂಟೆಗೂ ಬದಲಾಗುವ ಬೆಳಕನ್ನು ಹಿಂಬಾಲಿಸಲು ಆ ಉಗುರಗಲದ ಕಿಟಕಿಯೇ ಗತಿ. ಅದನ್ನು ಮುಚ್ಚಿ ಕೊಟ್ಟಿದ್ದೀರಿ.

ಮಾಮೂಲಿ ಟಿವಿಗಿಂತ ಹೆಚ್ಚು ಹಣ ಕೊಟ್ಟು ಇದನ್ನೇ ಆರಿಸಿಕೊಂಡದ್ದು ತಿಳಿದೇ. ಸ್ಯಾಮ್‌ಸಂಗ್ 2017ರಲ್ಲಿ ಇಂಥ ಟಿವಿಯನ್ನು ಮಾರುಕಟ್ಟೆಗೆ ಬಿಟ್ಟು, 2022ರಲ್ಲಿ ಅದಕ್ಕೆ ಪ್ರತಿಬಿಂಬ ತಗ್ಗಿಸುವ ಮ್ಯಾಟ್ ಪರದೆ ಕೊಟ್ಟ ಮೇಲೆ ನಿಮ್ಮಂಥ ಕಂಪನಿಗಳೂ ಈ ದಾರಿ ಹಿಡಿದವು, ಒಳ್ಳೆಯದೇ ಆಯಿತು. ಓಎಲ್‌ಇಡಿ (ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುವ ಪರದೆ) ಬೇಡವೆಂದದ್ದು ಅದರಲ್ಲಿ ಒಂದೇ ಚಿತ್ರ ದಿನಗಟ್ಟಲೆ ನಿಂತರೆ ಪಿಕ್ಸೆಲ್‌ಗಳು ಅಸಮವಾಗಿ ಸವೆದು ಅಳಿಸದ ನೆರಳು ಉಳಿಯುವ ಅಪಾಯವಿರುವುದರಿಂದ. ಎಲ್‌ಇಡಿ ಬೆಳಕಿನ ಎಲ್‌ಸಿಡಿ ಪರದೆಗೆ ಆ ಭಯವಿಲ್ಲ. ಅಂಚಿನಿಂದ ಬೆಳಕು ಹಾಯಿಸುವ ಪರದೆಯಲ್ಲಿ ರಾತ್ರಿ ಕಪ್ಪು ಪೂರ್ತಿ ಕಪ್ಪಾಗದು, ಮ್ಯಾಟ್ ಪರದೆ ಕಿಟಕಿಯ ಪ್ರತಿಬಿಂಬವನ್ನು ಒಡೆಯುತ್ತದಾದರೂ ಹಗಲಿನಲ್ಲಿ ಕಪ್ಪನ್ನು ಬೂದಿ ಮಾಡುತ್ತದೆ. ಇವೆರಡನ್ನೂ ಒಪ್ಪಿಯೇ ಕೊಂಡದ್ದು, ಅವುಗಳ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಎರಡನೆಯದು ಗೋಡೆ. 'ಗೋಡೆಗೆ ಅಂಟಿದಂತೆ' ಎಂದು ನಿಮ್ಮ ಜಾಹೀರಾತು ಹೇಳುತ್ತದೆ. ಮೇಲಿನ ಬಲ ಮೂಲೆ ಗೋಡೆಯಿಂದ 11 ಮಿಲಿಮೀಟರ್ ಎದ್ದು ನಿಂತಿದೆ, ಸ್ಕೇಲ್ ಇಟ್ಟು ಅಳೆದಿದ್ದೇನೆ. ನಿಮ್ಮವರು 'ಗೋಡೆ ವಕ್ರ' ಎಂದು ಬರೆದುಕೊಂಡು ಹೋದರು. ಒಂದು ಮೀಟರ್ ಉದ್ದದ ನೇರ ಪಟ್ಟಿ ಇಟ್ಟು ಗೋಡೆಯ ಉಬ್ಬು ನೋಡಲಿಲ್ಲ, ರಸಮಟ್ಟವನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ನಿಜವಾದ ಕಾರಣ ವೈರು. ಹೊರಗಿನ ಬಾಕ್ಸಿನಿಂದ ಟಿವಿಗೆ ವಿದ್ಯುತ್ತನ್ನೂ ದೃಶ್ಯದ ಸಂಕೇತವನ್ನೂ ಒಯ್ಯುವ ತೆಳ್ಳನೆಯ ವೈರು ಕೂರಲೆಂದೇ ಟಿವಿಯ ಬೆನ್ನಿನಲ್ಲಿ ಕಾಲುವೆಯಂಥ ತಗ್ಗು ಕೊರೆದಿದ್ದೀರಿ. ನಿಮ್ಮವರು ಆ ತಗ್ಗನ್ನು ಬಿಟ್ಟು ವೈರನ್ನು ಬ್ರ್ಯಾಕೆಟ್ಟಿನ ಮೇಲೆಯೇ ಅಡ್ಡ ಹಾಯಿಸಿ ಟಿವಿಯನ್ನು ಒತ್ತಿದ್ದಾರೆ. ಮೂಲೆ ಎದ್ದದ್ದು ಅದರಿಂದ. ಅದಕ್ಕಿಂತ ಕೆಟ್ಟದ್ದು, ಆ ವೈರಿನೊಳಗೆ ಕೂದಲಿನಂಥ ಗಾಜಿನ ಎಳೆ ಇದೆ. ಗಟ್ಟಿ ಮಡಿಕೆ ಬಿದ್ದು ಎಳೆ ಮುರಿದರೆ ಚಿತ್ರ ಬಿಟ್ಟು ಬಿಟ್ಟು ಬರುತ್ತದೆ, ಕೊನೆಗೆ ಬರುವುದೇ ನಿಲ್ಲುತ್ತದೆ. ಅಂಥ ವೈರಿಗೆ ತೇಪೆ ಹಾಕಲಾಗದು, ಹೊಸದೇ ಬೇಕು. ಆಗ 'ವೈರು ಗ್ರಾಹಕರು ಮಡಿಚಿದ್ದು' ಎನ್ನುತ್ತೀರಿ ಎಂಬ ಅನುಮಾನದಿಂದ ಈಗಲೇ ಫೋಟೊ ತೆಗೆದಿಟ್ಟಿದ್ದೇನೆ.

ಟಿವಿಗೆ ಫೋಟೊ ಕಳಿಸುವ ನಿಮ್ಮ ಆ್ಯಪಿನ ಬಗ್ಗೆ ಒಂದೇ ಮಾತು. ಫೋನಿನ 4032×3024 ಪಿಕ್ಸೆಲ್ ಫೋಟೊವನ್ನು ಅದು ಹೇಳದೆ ಕೇಳದೆ ಟಿವಿ ಪರದೆಯ 16:9 ಆಕಾರಕ್ಕೆ ಕತ್ತರಿಸುತ್ತದೆ. ಅಂದರೆ ಎತ್ತರದಲ್ಲಿ ಕಾಲು ಭಾಗ ಹೋಯಿತು, ಸಾಮಾನ್ಯವಾಗಿ ಹೋಗುವುದು ಯಾರದಾದರೂ ತಲೆ. ಸುತ್ತ ಬಿಳಿ ಅಂಚು ಬಿಟ್ಟು ಪೂರ್ತಿ ಚಿತ್ರ ತೋರಿಸುವ ಆಯ್ಕೆ ಮೂರು ಮೆನು ಒಳಗೆ ಅಡಗಿ ಕೂತಿದೆ. ಚಂದಾ ಕಟ್ಟುವ ಗುಂಡಿ ಮಾತ್ರ ಮೊದಲ ಪುಟದಲ್ಲೇ ಮಿನುಗುತ್ತದೆ.

ಈಗ ನಿಮ್ಮ 'ತಾಂತ್ರಿಕ ತಪಾಸಣೆ'ಗೆ ಬರುತ್ತೇನೆ. ಮನೆಗೆ ಬರುವ ಬದಲು ವಿಡಿಯೋ ಕರೆ ಮಾಡುತ್ತೇವೆ ಎಂದಿರಿ, ಒಪ್ಪಿದೆ. ಕರೆ ಮಾಡಿದವರು ಹೆಸರು ಹೇಳಲಿಲ್ಲ, ಹಿರಿಯ ತಂತ್ರಜ್ಞ ಎಂದಷ್ಟೇ ಹೇಳಿದರು.

"ಟಿವಿ ತೋರ್ಸಿ ಮೇಡಂ."

ತೋರಿಸಿದೆ.

"ಚೆನ್ನಾಗೇ ಬರ್ತಿದೆಯಲ್ಲ ಮೇಡಂ. ಏನ್ ಪ್ರಾಬ್ಲಂ?"

ಮಂಕಾಗಿದೆ ಎಂದೆ. ನಿಮ್ಮ ಫೋನಿನಲ್ಲಿ ಚೆನ್ನಾಗಿ ಕಾಣುವುದು ನನ್ನ ಫೋನಿನ ಕ್ಯಾಮೆರಾ ತಾನಾಗಿಯೇ ಬೆಳಕು ಏರಿಸಿಕೊಳ್ಳುವುದರಿಂದ, ಅದರ ಬಿಳುಪನ್ನೂ ಅದೇ ಸರಿಮಾಡಿಕೊಳ್ಳುತ್ತದೆ, ಹೊಳಪಿನ ದೋಷವನ್ನು ವಿಡಿಯೋ ಕರೆಯಲ್ಲಿ ಹಿಡಿಯಲಾಗದು ಎಂದು ವಿವರಿಸಿದೆ.

"ಒಂಚೂರು ಹಿಂದೆ ಹೋಗಿ ಮೇಡಂ."

ಹೋದೆ.

"ಇನ್ನೊಂಚೂರು."

ಸೋಫಾಗೆ ಕಾಲು ತಾಗಿತು. ಬಳಸಿಕೊಂಡು ಹಿಂದೆ ಹೋದೆ.

"ಇನ್ನೂ ಹೋಗಿ. ಹಾಂ, ಈಗ ಹೇಗಿದೆ?"

ಆಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಲ್ಲಿಂದ ಟಿವಿ ಅರ್ಧವೇ ಕಾಣುತ್ತದೆ, ಹಾಗಾಗಿ ದೋಷವೂ ಅರ್ಧವೇ ಕಂಡಿತು ಎಂದು ಒಪ್ಪಿಕೊಳ್ಳಬೇಕು. ಇಷ್ಟು ದೂರದಿಂದ ಯಾರು ಚಿತ್ರ ನೋಡುತ್ತಾರೆ ಎಂದು ಕೇಳಿದೆ. ನ್ಯೂಸ್ ಚಾನೆಲ್ ಹಾಕಿ ಎಂದರು, ಹಾಕಿದೆ. ಸೌಂಡ್ ಏರಿಸಿ ಎಂದರು, ಏರಿಸಿದೆ.

"ನೋಡಿ ಮೇಡಂ, ಪಿಕ್ಚರೂ ಕ್ಲಿಯರು, ಸೌಂಡೂ ಕ್ಲಿಯರು. ನೀವು ಇದನ್ನ ಟಿವಿ ಥರ ನೋಡಿ. ಫೋಟೊ ಥರ ನೋಡೋಕ್ ಹೋದ್ರೆ ಹಿಂಗೇ ಡೌಟ್ ಬರುತ್ತೆ."

ಈ ವಾಕ್ಯವನ್ನು ದಯವಿಟ್ಟು ಇನ್ನೊಮ್ಮೆ ಓದಿಕೊಳ್ಳಿ. ನಿಮ್ಮ ಜಾಹೀರಾತು ವಿಭಾಗದವರಿಗೂ ಒಂದು ಪ್ರತಿ ಕಳಿಸಿಕೊಡಿ.

ಕೆಳಪಟ್ಟಿ ತೆಗೆದು ತೋರಿಸುತ್ತೇನೆ, ಒಂದು ನಿಮಿಷ ಕಾಯಿರಿ ಎಂದೆ. ಪಟ್ಟಿ ಕಿತ್ತು, ಕಚ್ಚು ಮತ್ತು ಕಿಟಕಿಯ ನಡುವೆ ಸ್ಕೇಲ್ ಹಿಡಿದು, 8 ಮಿಲಿಮೀಟರ್ ಎಂದು ಓದಿ ಹೇಳಿದೆ. ಚೀಟಿಯ ಮಾದರಿ ಸಂಖ್ಯೆಯನ್ನು ಕ್ಯಾಮೆರಾಗೆ ಹಿಡಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಬಂತು:

"ಮೇಡಂ, ಇದೆಲ್ಲ ಟೆಕ್ನಿಕಲ್ ವಿಷಯ. ಮನೇಲಿ ಸರ್ ಇದ್ರೆ ಫೋನ್ ಕೊಡಿ."

ಸರ್ ಇಲ್ಲ, ಸ್ಕೇಲ್ ಇದೆ ಎಂದೆ. ಅವರಿಗೆ ನಗು ಬರಲಿಲ್ಲ. ಚೌಕಟ್ಟು 'ಪರಿಕರ'ದ ಲೆಕ್ಕಕ್ಕೆ ಬರುತ್ತದೆ, ಪರಿಕರ ವಿಭಾಗವೇ ಬೇರೆ, ಟಿವಿಯಲ್ಲಿ ದೋಷವಿಲ್ಲ ಎಂದರು. ಪರಿಕರ ವಿಭಾಗ ಏನು ಹೇಳುತ್ತದೆ ಎಂಬುದು ನಿಮಗೆ ಗೊತ್ತೇ ಇದೆ: ಪಟ್ಟಿ ಮುರಿದಿಲ್ಲ, ಸೆನ್ಸರ್ ದೋಷವಿದ್ದರೆ ಟಿವಿ ವಿಭಾಗಕ್ಕೆ ಹೇಳಿ. ಕೊನೆಗೆ ಫೋನಿಗೆ ಬಂದ ಓಟಿಪಿ ಕೇಳಿದರು. 'ಸೇವೆ ತೃಪ್ತಿಕರವಾಗಿದ್ದರೆ ಮಾತ್ರ ಈ ಸಂಖ್ಯೆ ತಿಳಿಸಿ' ಎಂದು ನಿಮ್ಮದೇ ಸಂದೇಶದಲ್ಲಿತ್ತು, ನಾನು ತಿಳಿಸಲಿಲ್ಲ. ಕರೆ ಮುಗಿದ ಕೂಡಲೇ ಇನ್ನೊಂದು ಸಂದೇಶ ಬಂತು: 'ಗ್ರಾಹಕರು ಸಹಕರಿಸದ ಕಾರಣ ದೂರನ್ನು ಮುಚ್ಚಲಾಗಿದೆ.' ಅಡುಗೆಮನೆಯವರೆಗೂ ಹಿಂದೆ ಹೆಜ್ಜೆ ಹಾಕಿದವಳು ಸಹಕರಿಸಲಿಲ್ಲವಂತೆ. ಇನ್ನೂ ಹಿಂದೆ ಹೋಗಲು ಪಕ್ಕದ ಮನೆಯವರ ಅನುಮತಿ ಬೇಕಾಗಿತ್ತು.

ಅಳವಡಿಕೆ ನಿಮ್ಮ ಅಧಿಕೃತ ಸಿಬ್ಬಂದಿಯಿಂದಲೇ ಆದರೆ, ಟಿವಿಯ ಜೊತೆ ಒಂದೇ ಬಿಲ್ಲಿನಲ್ಲಿ ಕೊಟ್ಟ ಪರಿಕರಕ್ಕೂ ಟಿವಿಯ ವಾರಂಟಿಯೇ ಅನ್ವಯ ಎಂದು ನಿಮ್ಮ ವಾರಂಟಿ ಪುಸ್ತಿಕೆ ಹೇಳುತ್ತದೆ. ನೀವೇ ಬರೆದ ನಿಯಮ ನಿಮಗೆ ತಿಳಿದಿರುತ್ತದೆ ಎಂದುಕೊಂಡಿದ್ದೇನೆ. ಹಾಗಾಗಿ ಕೇಳುವುದು ಹೆಚ್ಚೇನಿಲ್ಲ. ನನ್ನ ಟಿವಿಯ ವರ್ಷದ ಮಾದರಿಗೆ ಹೊಂದುವ ಕೆಳಪಟ್ಟಿ ಬರಲಿ, ಕಳಿಸುವ ಮೊದಲು ಚೀಟಿಯ ಸಂಖ್ಯೆಯನ್ನು ಟಿವಿಯ ಹಿಂದಿನ ಸಂಖ್ಯೆಯೊಡನೆ ಒಬ್ಬರಾದರೂ ತಾಳೆ ನೋಡಲಿ. ರಸಮಟ್ಟ ಬಳಸಲು ಬಲ್ಲವರೊಬ್ಬರು ಬಂದು ಟಿವಿ ಇಳಿಸಿ, ವೈರನ್ನು ತಗ್ಗಿನಲ್ಲಿ ಕೂರಿಸಿ ಮತ್ತೆ ಹಾಕಲಿ. ಮಡಿಕೆ ಬಿದ್ದ ವೈರಿಗೆ ಬದಲಿ ಕೊಡಿ. 'ಸಹಕರಿಸದ' ಎಂಬ ಮಾತನ್ನು ದಾಖಲೆಯಿಂದ ಅಳಿಸಿ, ಅಳಿಸಿದ್ದಕ್ಕೆ ಲಿಖಿತ ಉತ್ತರ ಕೊಡಿ.

ಈ ಪತ್ರ ತಲುಪಿದ ಹದಿನೈದು ದಿನದೊಳಗೆ ಇಷ್ಟೂ ಆಗದಿದ್ದರೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆ. ವಿಡಿಯೋ ಕರೆಯ ಧ್ವನಿಮುದ್ರಣ 'ಗುಣಮಟ್ಟದ ಉದ್ದೇಶಕ್ಕಾಗಿ' ನಿಮ್ಮಲ್ಲೇ ಇದೆ, ಅದನ್ನು ಹಾಜರುಪಡಿಸಿ ಎಂದು ಅಲ್ಲಿ ಕೇಳುತ್ತೇನೆ. ತೀರ್ಪು ಬರುವವರೆಗೆ ಸುಮ್ಮನೆ ಕೂರುವವಳಲ್ಲ. ನಿಮ್ಮ ಮಳಿಗೆಯಲ್ಲಿ ಇದೇ ಟಿವಿ ಪ್ರದರ್ಶನಕ್ಕಿದೆ. ಬಿಡುವಾದಾಗಲೆಲ್ಲ ಸ್ಕೇಲ್ ಹಿಡಿದು ಅದರ ಪಕ್ಕ ನಿಲ್ಲುತ್ತೇನೆ. ಕೊಳ್ಳಲು ಬಂದವರಿಗೆ ಕೆಳಪಟ್ಟಿ ಕಿತ್ತು ಚೀಟಿ ಓದುವುದು ಹೇಗೆ, ಬೆನ್ನಿನ ತಗ್ಗಿನಲ್ಲಿ ವೈರು ಕೂತಿದೆಯೇ ಎಂದು ನೋಡುವುದು ಹೇಗೆ ಎಂದು ಒಬ್ಬೊಬ್ಬರಿಗೂ ತೋರಿಸಿಕೊಡುತ್ತೇನೆ. ನಿಮ್ಮ ಮಾರಾಟಗಾರರು ತಡೆದರೆ, ಸರ್ ಯಾರಾದರೂ ಇದ್ದರೆ ಕರೆಯಿರಿ ಎನ್ನುತ್ತೇನೆ.

ಇತಿ,
ನಿಮ್ಮ ಗ್ರಾಹಕಿ

ಲಗತ್ತು: ಬಿಲ್ಲಿನ ಪ್ರತಿ, ಕೆಳಪಟ್ಟಿಯ ಚೀಟಿ ಮತ್ತು ಟಿವಿಯ ಹಿಂದಿನ ಚೀಟಿಯ ಫೋಟೊ, ಸ್ಕೇಲ್ ಇಟ್ಟು ತೆಗೆದ ಮೂಲೆಯ ಫೋಟೊ, ವೈರಿನ ಮಡಿಕೆಯ ಫೋಟೊ.