ಅದು ಸೆಲ್ಫಿಯಲ್ಲ, ಎದುರಿಗೆ ಮೂರನೆಯವರೊಬ್ಬರಿದ್ದರು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಟ್ಯಾಂಡಮ್ ಸ್ಕೈಡೈವಿಂಗ್ (ಪ್ರಯಾಣಿಕರು ಬೋಧಕರ ಎದೆಗೆ ಬಿಗಿದುಕೊಂಡು ವಿಮಾನದಿಂದ ಜಿಗಿಯುವುದು) ಕುರಿತ ಲೇಖನದೊಂದಿಗೆ ಅಚ್ಚಾಗಿದ್ದ ಚಿತ್ರವನ್ನೂ ಅದರ ಕೆಳಗಿನ ‘ಆಕಾಶದಲ್ಲೊಂದು ಸೆಲ್ಫಿ’ ಎಂಬ ಒಕ್ಕಣೆಯನ್ನೂ ನೋಡಿ ಈ ಪತ್ರ ಬರೆಯುತ್ತಿದ್ದೇನೆ. ಚಿತ್ರದಲ್ಲಿ ಯುವತಿಯ ಎರಡೂ ಕೈಗಳು ಗಾಳಿಗೆ ಹರಡಿಕೊಂಡಿವೆ. ಆಕೆಯ ಬೆನ್ನಿಗೆ ಎದೆಯಾನಿಸಿಕೊಂಡಿರುವ ಬೋಧಕರ ಎರಡೂ ಕೈಗಳು ಕಾಣುತ್ತವೆ. ಎಡ ಮಣಿಕಟ್ಟಿನಲ್ಲಿ ಎತ್ತರ ತೋರಿಸುವ ಆಲ್ಟಿಮೀಟರ್ ಬಿಟ್ಟರೆ ಅವುಗಳಲ್ಲಿ ಏನೂ ಇಲ್ಲ. ನಾಲ್ಕು ಕೈಗಳೂ ಖಾಲಿಯಿರುವಾಗ ಸೆಲ್ಫಿ ತೆಗೆದವರು ಯಾರು? ಅವರಿಬ್ಬರ ಎದುರಿಗೆ, ಎರಡು ಮೂರು ಮೀಟರ್ ದೂರದಲ್ಲಿ, ಅದೇ ವೇಗದಲ್ಲಿ ನೆಲದತ್ತ ಬೀಳುತ್ತಾ ಮೂರನೆಯವರೊಬ್ಬರಿದ್ದರು. ಚಿತ್ರ ಅವರದು. ಲೇಖನದಲ್ಲಿ ಅವರ ಸುಳಿವೇ ಇಲ್ಲ. ಬೋಧಕರನ್ನು ‘ಬೆನ್ನ ಹಿಂದಿನ ಸಹಾಯಕ’ ಎಂದು ಕರೆಯಲಾಗಿದೆ. ನಾನು ಹನ್ನೊಂದು ವರ್ಷಗಳಿಂದ ಈ ವೃತ್ತಿಯಲ್ಲಿದ್ದೇನೆ, ಮೊದಲ ನಾಲ್ಕು ವರ್ಷ ತಲೆಗೆ ಕ್ಯಾಮೆರಾ ಕಟ್ಟಿಕೊಂಡು ಜಿಗಿಯುತ್ತಿದ್ದೆ, ಈಗ ಬೆನ್ನ ಹಿಂದಿನ ಸಹಾಯಕನಾಗಿದ್ದೇನೆ. ಆದ್ದರಿಂದ ಎರಡೂ ಕೆಲಸಗಳ ಬಗ್ಗೆ ನಾಲ್ಕು ಮಾತು ಹೇಳಲು ನನಗೆ ಅಧಿಕಾರವಿದೆ ಎಂದುಕೊಂಡಿದ್ದೇನೆ.

ಆ ಮೂರನೆಯವರು ಅಲ್ಲಿ ಹೇಗೆ ಉಳಿಯುತ್ತಾರೆ ಎಂಬುದನ್ನು ಮೊದಲು ವಿವರಿಸಬೇಕು. ಹೊಟ್ಟೆ ಕೆಳಗಾಗಿ ಒಬ್ಬರೇ ಬೀಳುವಾಗ ವೇಗ ಗಂಟೆಗೆ ಸುಮಾರು 190 ಕಿ.ಮೀ.ಗೆ ಬಂದು ನಿಲ್ಲುತ್ತದೆ. ಇಬ್ಬರನ್ನು ಒಂದಾಗಿ ಬಿಗಿದರೆ ತೂಕ ಇಮ್ಮಡಿಯಾಗುತ್ತದೆ, ಗಾಳಿಗೆ ಒಡ್ಡಿದ ಮೈ ಮಾತ್ರ ಅಷ್ಟು ಹೆಚ್ಚುವುದಿಲ್ಲ. ಹಾಗಾಗಿ ವೇಗ 270 ಕಿ.ಮೀ.ಯನ್ನೂ ದಾಟಬಲ್ಲದು. ಅದನ್ನು ತಡೆಯಲೆಂದೇ ಬೋಧಕರು ವಿಮಾನ ಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ಡ್ರೋಗ್ ಎಂಬ ಸಣ್ಣ ಪ್ಯಾರಾಚೂಟನ್ನು ಹಿಂದಕ್ಕೆ ಎಸೆಯುತ್ತಾರೆ, ಜೋಡಿಯ ವೇಗ ಒಬ್ಬರ ವೇಗದ ಹತ್ತಿರಕ್ಕೆ ಇಳಿಯುತ್ತದೆ. ಆದರೆ ಪ್ರಯಾಣಿಕರು ದಪ್ಪಗಿದ್ದರೆ ಒಂದು ವೇಗ, ತೆಳ್ಳಗಿದ್ದರೆ ಇನ್ನೊಂದು. ಛಾಯಾಗ್ರಾಹಕರು ತಮ್ಮ ಮೈಯನ್ನೇ ಹಿಗ್ಗಿಸಿ ಕುಗ್ಗಿಸಿ ಅದಕ್ಕೆ ಹೊಂದಿಕೊಳ್ಳಬೇಕು. ಅವರ ಅಂಗಿಯಲ್ಲಿ ತೋಳಿನಿಂದ ಸೊಂಟದವರೆಗೆ ಬಟ್ಟೆಯ ರೆಕ್ಕೆ ಹೊಲಿದಿರುತ್ತದೆ. ತೋಳು ಚಾಚಿದರೆ ಬೀಳುವುದು ನಿಧಾನ, ಮಡಿಸಿದರೆ ವೇಗ. ಹೀಗೆ ಕೈಗಳು ಹಾರುವ ಕೆಲಸಕ್ಕೇ ಮೀಸಲಾದ್ದರಿಂದ ಗುಂಡಿ ಒತ್ತಲು ಬೆರಳಿಗೆ ಬಿಡುವಿಲ್ಲ. ಹಲ್ಲುಗಳ ನಡುವೆ ಕಚ್ಚಿಕೊಂಡ ಸ್ವಿಚ್ಚನ್ನು ಒತ್ತಿದಾಗ ಹೆಲ್ಮೆಟ್ಟಿನ ಮೇಲಿನ ಕ್ಯಾಮೆರಾ ಚಿತ್ರ ತೆಗೆಯುತ್ತದೆ. ಒಂದು ಕಣ್ಣಿನ ಮುಂದೆ ಉಂಗುರದ ಗುರುತು ಕಾಣುವ ಚಿಕ್ಕ ಗಾಜು ಇರುತ್ತದೆ. ಪ್ರಯಾಣಿಕರ ಮೂಗು ಆ ಉಂಗುರದೊಳಗೆ ಬಂತೆಂದರೆ ಚಿತ್ರದೊಳಗೂ ಬಂತು. ಅಂದರೆ ಕುತ್ತಿಗೆಯೇ ಅವರ ಸ್ಟ್ಯಾಂಡು. ತಲೆ ತಿರುಗಿಸಿ ಅತ್ತಿತ್ತ ನೋಡುವ ಸ್ವಾತಂತ್ರ್ಯವೂ ಅವರಿಗಿಲ್ಲ.

ವಿಮಾನದ ಬಾಗಿಲಲ್ಲಿ ಮೊದಲು ಹೊರಗೆ ಹೋಗುವವರೂ ಅವರೇ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಂಬಿ ಹಿಡಿದು, ಎಂಜಿನ್ನಿನ ಗಾಳಿಗೆ ಕೆನ್ನೆ ಪಟಪಟ ಬಡಿಯುತ್ತಿರುವಾಗ ಬೋಧಕರು ಹಿಂದಕ್ಕೂ ಮುಂದಕ್ಕೂ ತೂಗಿ ಕೊಡುವ ಎಣಿಕೆಯನ್ನು ಗಮನಿಸುತ್ತಾ ನೇತಾಡುತ್ತಾರೆ. ಅರ್ಧ ಸೆಕೆಂಡು ಮೊದಲೇ ಬಿಟ್ಟರೆ ಜೋಡಿ ಮೇಲೆಲ್ಲೋ ಚುಕ್ಕಿಯಾಗಿ ಉಳಿಯುತ್ತದೆ. ತಡವಾದರೆ ಹಾರುವವರ ಮುಖ ಸಿಗದೆ ಬೆನ್ನು ಸಿಗುತ್ತದೆ. ಬೀಳುವಾಗ ಅವರು ಯಾವ ಕಾರಣಕ್ಕೂ ಜೋಡಿಯ ನೇರ ಮೇಲೆ ಹೋಗುವಂತಿಲ್ಲ, ಏಕೆಂದರೆ ಅಲ್ಲಿ ಡ್ರೋಗ್ ಇದೆ, ಮೇಲಾಗಿ ದೊಡ್ಡ ಪ್ಯಾರಾಚೂಟು ಬಿಚ್ಚಿಕೊಂಡಾಗ ಜೋಡಿಯ ಬೀಳುವಿಕೆ ತಟಕ್ಕನೆ ನಿಂತಂತಾಗುತ್ತದೆ, ಮೇಲಿದ್ದವರು ಅದೇ ವೇಗದಲ್ಲಿ ಬಂದು ಅವರ ಮೇಲೆ ಅಪ್ಪಳಿಸುತ್ತಾರೆ. ವಿಡಿಯೊದಲ್ಲಿ ಜೋಡಿ ರಾಕೆಟ್ಟಿನಂತೆ ಮೇಲಕ್ಕೆ ಚಿಮ್ಮಿ ಮಾಯವಾದ ಹಾಗೆ ಕಾಣುವುದು ಇದರಿಂದಲೇ. ನಿಜವಾಗಿ ಕೆಳಕ್ಕೆ ಹೋಗುತ್ತಿರುವುದು ಕ್ಯಾಮೆರಾ. ಆಮೇಲೆ ಅವರು ತಮ್ಮ ಪ್ಯಾರಾಚೂಟು ಬಿಚ್ಚಿ, ಜೋಡಿಗಿಂತ ಮೊದಲೇ ನೆಲ ಮುಟ್ಟಿ, ಅದನ್ನು ಒಟ್ಟುಮಾಡಿ ಕಂಕುಳಲ್ಲಿ ಇರುಕಿಕೊಂಡು, ಇಳಿಯುವ ದೃಶ್ಯಕ್ಕಾಗಿ ಓಡಬೇಕು. ಪ್ಯಾರಾಚೂಟು ಬಿಚ್ಚುವ ಎಳೆತಕ್ಕೆ ತಲೆಯ ಮೇಲಿನ ಭಾರವೆಲ್ಲ ಕುತ್ತಿಗೆಗೆ ಬೀಳುತ್ತದೆ; ಹಗ್ಗವೊಂದು ಕ್ಯಾಮೆರಾಗೆ ಸಿಕ್ಕಿಕೊಂಡರೆ ಹೆಲ್ಮೆಟ್ಟನ್ನೇ ಕಳಚಿ ಎಸೆಯಲು ಗಲ್ಲದ ಬಳಿ ಎಳೆಯುವ ವ್ಯವಸ್ಥೆ ಇರುತ್ತದೆ.

ಅಮೆರಿಕದ ಪ್ಯಾರಾಚೂಟ್ ಸಂಘವು ಕನಿಷ್ಠ 200 ಜಿಗಿತಗಳ ಅನುಭವವಿಲ್ಲದವರು ಕ್ಯಾಮೆರಾ ಕಟ್ಟಿಕೊಳ್ಳಬಾರದೆಂದು ಸಲಹೆ ನೀಡುತ್ತದೆ. ಅಂಗೈಯಲ್ಲಿ ಅಡಗುವ ಕ್ಯಾಮೆರಾಗೆ ಇಷ್ಟೆಲ್ಲ ಏಕೆ ಎಂದು ಹೊಸಬರು ಗೊಣಗುವುದನ್ನು ಕೇಳಿದ್ದೇನೆ. ಕ್ಯಾಮೆರಾದ ತೂಕಕ್ಕಿಂತ ಅದು ಕದಿಯುವ ಗಮನ ದೊಡ್ಡದು. 1988ರ ಏಪ್ರಿಲ್‌ನಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ 800ಕ್ಕೂ ಹೆಚ್ಚು ಬಾರಿ ಜಿಗಿದಿದ್ದ ಛಾಯಾಗ್ರಾಹಕರೊಬ್ಬರು ಬೋಧಕ ಮತ್ತು ವಿದ್ಯಾರ್ಥಿಯನ್ನು ಚಿತ್ರೀಕರಿಸಲು ವಿಮಾನದಿಂದ ಹೊರಗೆ ಹಾರಿದರು. ಅವರ ಮೈಮೇಲೆ ವಿಡಿಯೊ ಉಪಕರಣಗಳಿದ್ದವು, ಪ್ಯಾರಾಚೂಟ್ ಇರಲಿಲ್ಲ. ಹೊಸಬರಾಗಿದ್ದರೆ ಅದನ್ನು ಹತ್ತು ಬಾರಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಈಗ ನನ್ನ ನಿಜವಾದ ದೂರಿಗೆ ಬರುತ್ತೇನೆ. ತಮ್ಮ ಚಿತ್ರದಲ್ಲಿರುವಂಥ ಮೂರನೆಯವರು ಕಡಿಮೆಯಾಗುತ್ತಿದ್ದಾರೆ. ವಿಮಾನದಲ್ಲಿ ಅವರು ಕೂರುವ ಜಾಗಕ್ಕೆ ಹಣ ಕೊಡುವ ಇನ್ನೊಬ್ಬರನ್ನು ಕೂರಿಸಬಹುದು ಎಂಬ ಲೆಕ್ಕ ಎಲ್ಲ ಸ್ಕೈಡೈವಿಂಗ್ ಕೇಂದ್ರಗಳಿಗೂ ಗೊತ್ತು. 2010ರ ಆಸುಪಾಸಿನಿಂದ ಗೋಪ್ರೊದಂಥ ಪುಟ್ಟ ಕ್ಯಾಮೆರಾಗಳು ಕೈಗೆಟುಕಿದ ಮೇಲೆ ಅದನ್ನು ಕೈಗವಸಿಗೆ ಕೂಡಿಸಿ ಬೋಧಕರ ಎಡಗೈಗೇ ತೊಡಿಸುವ ಪದ್ಧತಿ ಹರಡಿತು. ಪ್ರಯಾಣಿಕರಿಗೆ ಅಗ್ಗ, ಕೇಂದ್ರಕ್ಕೆ ಲಾಭ. ಬೋಧಕರಿಗೂ ಒಂದಿಷ್ಟು ಹೆಚ್ಚಿನ ಸಂಭಾವನೆ ಸಿಗುತ್ತದೆ, ನಾನೂ ಅದನ್ನು ಬೇಡವೆಂದಿಲ್ಲ. ಆದರೆ ಆ ಎಡಗೈ ಅದುವರೆಗೆ ಸುಮ್ಮನೆ ಕೂತಿರಲಿಲ್ಲ.

ಟ್ಯಾಂಡಮ್ ಎಂಬುದು ಹಳೆಯ ವಿದ್ಯೆಯೇನೂ ಅಲ್ಲ. 1980ರ ದಶಕದ ಮೊದಲರ್ಧದಲ್ಲಿ ಟೆಡ್ ಸ್ಟ್ರಾಂಗ್ ಮತ್ತು ಬಿಲ್ ಬೂತ್ ಎಂಬ ಅಮೆರಿಕದ ತಯಾರಕರಿಬ್ಬರು ಅದನ್ನು ಬಳಕೆಗೆ ತಂದರು. ಆರಂಭದಲ್ಲಿ ಡ್ರೋಗ್ ಕೂಡ ಇರಲಿಲ್ಲ. ಇಂದು ಅಮೆರಿಕದ ನಿಯಮದ ಪ್ರಕಾರ ಬೋಧಕರಾಗಲು ಕನಿಷ್ಠ 3 ವರ್ಷಗಳ ಅನುಭವ ಮತ್ತು 500 ಜಿಗಿತಗಳು ಬೇಕು. ಅಷ್ಟು ಅನುಭವ ಏಕೆ ಬೇಕೆಂಬುದು ವಿಮಾನದೊಳಗೇ ತಿಳಿಯುತ್ತದೆ. ಜಿಗಿಯುವ ಎತ್ತರ ಸಮೀಪಿಸುತ್ತಿದ್ದಂತೆ ನಾನು ಪ್ರಯಾಣಿಕರನ್ನು ಹತ್ತಿರ ಎಳೆದುಕೊಂಡು ಅವರು ತೊಟ್ಟ ಪಟ್ಟಿಗಳ ಹಾರ್ನೆಸ್ಸಿನ ಎರಡು ಭುಜದ ಕೊಕ್ಕೆ, ಎರಡು ಸೊಂಟದ ಕೊಕ್ಕೆಗಳನ್ನು ನನ್ನದಕ್ಕೆ ಸಿಕ್ಕಿಸಿ, ಪಟ್ಟಿಗಳನ್ನು ಬಿಗಿದು, ನಾಲ್ಕನ್ನೂ ಮತ್ತೆ ಬೆರಳಿನಿಂದ ಮುಟ್ಟಿ ಎಣಿಸುತ್ತೇನೆ. ಆ ಎತ್ತರದಲ್ಲಿ ಉಷ್ಣತೆ ನೆಲಕ್ಕಿಂತ ಇಪ್ಪತ್ತು ಡಿಗ್ರಿಗೂ ಮಿಗಿಲಾಗಿ ಇಳಿದಿರುತ್ತದೆ, ಬೆರಳುಗಳು ಮರಗಟ್ಟಿರುತ್ತವೆ. ಎದೆಗೆ ತಾಗಿದ ಬೆನ್ನಿನಿಂದಲೇ ಅವರ ಉಸಿರು ತಿಳಿಯುತ್ತದೆ. ತಮಾಷೆ ಮಾಡುತ್ತಿದ್ದವರು ಮೌನವಾದರೆ ಚಿಂತೆಯಿಲ್ಲ. ಉಸಿರನ್ನೇ ಬಿಗಿಹಿಡಿದರೆ ಬಾಗಿಲಲ್ಲಿ ತೊಂದರೆ ಕಾದಿದೆ ಎಂದೇ ಅರ್ಥ. ಇದೇ ಹೊತ್ತಿಗೆ ನಾನು ಎಡಗೈ ಎತ್ತಿ, ಕ್ಯಾಮೆರಾದ ಕೆಂಪು ದೀಪ ಮಿನುಗುತ್ತಿದೆಯೇ ನೋಡಿ, ‘ಹೇಗನ್ನಿಸುತ್ತಿದೆ, ನಗಿ’ ಎಂದು ಕೇಳಬೇಕು.

ಸುಮಾರು 13,000 ಅಡಿಯಿಂದ ಹೊರಟರೆ 5,500 ಅಡಿಯ ಆಸುಪಾಸಿನಲ್ಲಿ ಪ್ಯಾರಾಚೂಟು ಬಿಚ್ಚುವವರೆಗೆ ಸಿಗುವುದು ಮುಕ್ಕಾಲು ನಿಮಿಷ. ವೇಗ ಹತ್ತಿದ ಮೇಲೆ ಐದೂವರೆ ಸೆಕೆಂಡಿಗೊಮ್ಮೆ 1,000 ಅಡಿ ಕಳೆದುಹೋಗುತ್ತದೆ. ಅಷ್ಟರಲ್ಲಿ ಹೊಟ್ಟೆ ಕೆಳಗಾಗಿ ಸ್ಥಿರವಾಗಬೇಕು, ಡ್ರೋಗ್ ಎಸೆದು ಅದು ಸರಿಯಾಗಿ ಅರಳಿತೇ ನೋಡಬೇಕು, ಪ್ಯಾರಾಚೂಟುಗಳ ಒಂದೊಂದು ಹ್ಯಾಂಡಲ್ಲೂ ಅದರ ಜಾಗದಲ್ಲಿದೆಯೇ ಎಂದು ಕೈಯಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು, ಸುತ್ತ ಬೇರೆಯವರಿದ್ದಾರೆಯೇ ಕಣ್ಣಾಡಿಸಬೇಕು, ಆಲ್ಟಿಮೀಟರ್ ನೋಡುತ್ತಲೇ ಇರಬೇಕು. ಎಲ್ಲವೂ ಕೈತಪ್ಪಿದರೆ ಸುಮಾರು 1,900 ಅಡಿಯಲ್ಲಿ ರಿಸರ್ವ್, ಅಂದರೆ ಆಪತ್ತಿಗೆಂದು ಮೀಸಲಿಟ್ಟ ಎರಡನೆಯ ಪ್ಯಾರಾಚೂಟನ್ನು ತಾನೇ ಬಿಚ್ಚುವ ಯಂತ್ರವೊಂದು ಬೆನ್ನಚೀಲದಲ್ಲಿದೆ ಎಂಬುದು ಸಮಾಧಾನ. ಅದನ್ನು ನಂಬಿ ಕೂತ ಬೋಧಕರನ್ನು ನಾನು ಕಂಡಿಲ್ಲ. ಈ ಕೆಲಸಗಳ ನಡುವೆ ಎಡಗೈಯನ್ನು ಮುಂದಕ್ಕೆ ಚಾಚಿ ಪ್ರಯಾಣಿಕರ ಮುಖಕ್ಕೆ ಹಿಡಿಯಬೇಕು. ಚಾಚಿದ ಕೈ ಗಾಳಿಗೆ ಚುಕ್ಕಾಣಿಯಿದ್ದಂತೆ, ಒಂದು ಕಡೆ ಚಾಚಿದರೆ ಜೋಡಿ ತಿರುಗಲಾರಂಭಿಸುತ್ತದೆ, ಅದನ್ನು ಕಾಲಿನಿಂದಲೋ ಬಲಗೈಯಿಂದಲೋ ಸರಿದೂಗಿಸುತ್ತಿರಬೇಕು. ಅಭ್ಯಾಸವಾದರೆ ಇದು ಕಷ್ಟವಲ್ಲ, ಒಪ್ಪುತ್ತೇನೆ. ಎಲ್ಲವೂ ಸರಿಯಿದ್ದ ದಿನ ಕಷ್ಟವಲ್ಲ.

ಸರಿಯಿಲ್ಲದ ಒಂದು ದಿನದ ಸಂಗತಿ ಹೇಳುತ್ತೇನೆ. ಗಟ್ಟಿಮುಟ್ಟಾದ ಮಧ್ಯವಯಸ್ಕರೊಬ್ಬರು ಬಂದಿದ್ದರು. ಬಿಲ್ಲಿನಂತೆ ಹಿಂದಕ್ಕೆ ಬಾಗಿ, ತಲೆಯನ್ನು ನನ್ನ ಭುಜಕ್ಕೆ ಒರಗಿಸಿ, ಕೈಗಳಿಂದ ಎದೆಯ ಪಟ್ಟಿ ಹಿಡಿದುಕೊಳ್ಳಬೇಕೆಂದು ನೆಲದ ಮೇಲೆ ಮೂರು ಬಾರಿ ಅಭ್ಯಾಸ ಮಾಡಿಸಿದ್ದೆ. ಮೂರು ಬಾರಿಯೂ ಚೆನ್ನಾಗಿ ಮಾಡಿದ್ದರು. ಬಾಗಿಲಿನಿಂದ ಹೊರಗೆ ಬಿದ್ದ ಕ್ಷಣದಲ್ಲಿ ಅವರು ಮುಟ್ಟಿದರೆ ಮುನಿ ಗಿಡದಂತೆ ಮುದುಡಿ, ಎರಡೂ ಕೈಗಳಿಂದ ಕ್ಯಾಮೆರಾ ಇದ್ದ ನನ್ನ ಎಡಗೈಯನ್ನೇ ತಬ್ಬಿಕೊಂಡರು. ನಾವು ಮಗುಚಿ ಬೆನ್ನು ಕೆಳಗಾದೆವು. ಆ ಸ್ಥಿತಿಯಲ್ಲಿ ಡ್ರೋಗ್ ಎಸೆದರೆ ಅದು ನಮ್ಮ ಕೈಗೋ ಕಾಲಿಗೋ ಸುತ್ತಿಕೊಳ್ಳಬಹುದು. ಎಸೆಯದೆ ತಡಮಾಡಿದರೆ ವೇಗ ಏರುತ್ತಲೇ ಹೋಗುತ್ತದೆ. ಕೈ ಕಿತ್ತುಕೊಂಡು, ಮೈಯನ್ನು ಬಾಗಿಸಿ, ಒಂದು ತೋಳನ್ನು ಒಳಗೆಳೆದು ಹೊರಳಿಸಿ, ಹೊಟ್ಟೆ ಕೆಳಗಾದ ಮೇಲೆಯೇ ಡ್ರೋಗ್ ಎಸೆದೆ. ಒಟ್ಟು ಏಳೆಂಟು ಸೆಕೆಂಡು ಹಿಡಿದಿರಬಹುದು. ಉಳಿದ ಜಿಗಿತ ಸಲೀಸಾಗಿ ಮುಗಿಯಿತು, ಅವರು ಕಾಲುಗಳನ್ನು ಎತ್ತಿಹಿಡಿದದ್ದರಿಂದ ಇಳಿದದ್ದೂ ಹುಲ್ಲಿನ ಮೇಲೆ ಜಾರಿದಷ್ಟು ಮೃದುವಾಗಿತ್ತು. ಅವರು ನನ್ನನ್ನು ಅಪ್ಪಿಕೊಂಡರು.

ಅರ್ಧ ಗಂಟೆಯ ನಂತರ ವಿಡಿಯೊ ನೋಡಿ ಅವರ ಮುಖ ಬದಲಾಯಿತು. ಮೊದಲ ಭಾಗದಲ್ಲಿ ಇದ್ದದ್ದು ಆಕಾಶ, ನೆಲ, ನನ್ನ ಮೊಣಕೈ, ಅವರ ಅಂಗಿಯ ಗುಂಡಿ, ಮತ್ತೆ ಆಕಾಶ. ವಿಮಾನದಿಂದ ಹಾರುವ ದೃಶ್ಯವೇ ಇಲ್ಲವಲ್ಲ, ಮನೆಯವರಿಗೆ ಏನು ತೋರಿಸಲಿ ಎಂದು ಕೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಮೇಲೆ ನಡೆದದ್ದು ಏನೆಂಬುದು ಅವರಿಗೆ ತಿಳಿದೇ ಇರಲಿಲ್ಲ. ಕೇಂದ್ರದವರು ವಿಡಿಯೊದ ಹಣವನ್ನು ಅವರಿಗೆ ಹಿಂದಿರುಗಿಸಿದರು, ಚಿತ್ರೀಕರಣದ ಪಾಲನ್ನು ನನ್ನ ಲೆಕ್ಕದಲ್ಲಿ ಕಡಿದರು, ‘ಮುಂದಿನ ಸಲ ಕೈ ಸ್ವಲ್ಪ ನೆಟ್ಟಗಿಡಿ’ ಎಂದರು. ಎಂಟು ಸೆಕೆಂಡುಗಳ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಹೊರಗಿನ ಕ್ಯಾಮೆರಾದವರೊಬ್ಬರು ಇದ್ದಿದ್ದರೆ ಆ ಎಂಟು ಸೆಕೆಂಡುಗಳೇ ವಿಡಿಯೊದ ಅತ್ಯಂತ ರೋಚಕ ಭಾಗವಾಗುತ್ತಿದ್ದವು ಎಂಬುದು ಬೇರೆ ಮಾತು. ಹೊಸ ಬೋಧಕರಿಗೆ ತೋರಿಸಿ ಕಲಿಸಲೂ ಬರುತ್ತಿತ್ತು.

ಈ ವೃತ್ತಿಯ ಉಳಿದ ಬದುಕು ಲೇಖನದಲ್ಲಿ ಬಣ್ಣಿಸಿದಷ್ಟು ವರ್ಣಮಯವಲ್ಲ. ಹೆಚ್ಚಿನವರಿಗೆ ಸಂಬಳವಿಲ್ಲ, ಜಿಗಿತಕ್ಕಿಷ್ಟು ಎಂದು ಲೆಕ್ಕ. ಮೋಡ ಕವಿದರೆ, ಗಾಳಿ ಜೋರಾದರೆ, ದಿನವಿಡೀ ಆಕಾಶ ನೋಡುತ್ತಾ ಕೂತು ಬರಿಗೈಯಲ್ಲಿ ಹೋಗಬೇಕು. ಹವೆ ತಿಳಿಯಾದ ದಿನ ಹತ್ತು ಹನ್ನೆರಡು ಬಾರಿ ಏರಿ ಇಳಿಯಬೇಕು, ಪ್ರತಿ ಬಾರಿಯೂ ಹೊಸ ಮನುಷ್ಯ, ಅದೇ ಪಾಠ, ಅದೇ ಉತ್ಸಾಹ. ನೆಗಡಿಯಾದರೆ ಕಿವಿಯ ಒತ್ತಡ ತಾಳದೆ ಕೆಲಸವೇ ಇಲ್ಲ. ಮೊಣಕಾಲು, ಸೊಂಟ, ಭುಜಗಳ ನೋವನ್ನು ನಾವು ಯಾರೂ ಪರಸ್ಪರ ಕೇಳಿಕೊಳ್ಳುವುದಿಲ್ಲ, ಇದ್ದೇ ಇರುತ್ತದೆ. ಹಾಗಿದ್ದೂ ಬಿಡಲು ಮನಸ್ಸು ಬಾರದ್ದಕ್ಕೆ ಕಾರಣ ಪ್ಯಾರಾಚೂಟು ಅರಳಿದ ಮೇಲಿನ ಮೊದಲ ಅರ್ಧ ನಿಮಿಷ. ಅಷ್ಟು ಹೊತ್ತು ಕಿವಿಗಡಚಿಕ್ಕುತ್ತಿದ್ದ ಗಾಳಿ ಒಮ್ಮೆಲೇ ನಿಂತಾಗ, ಮುಂದಿರುವವರು ಸಾಮಾನ್ಯವಾಗಿ ಪಿಸುದನಿಯಲ್ಲಿ ಮಾತನಾಡುತ್ತಾರೆ, ಅಲ್ಲಿ ಕೇಳಿಸಿಕೊಳ್ಳುವವರು ನನ್ನನ್ನು ಬಿಟ್ಟರೆ ಯಾರೂ ಇಲ್ಲದಿದ್ದರೂ. ಕೈಯಲ್ಲಿ ಕ್ಯಾಮೆರಾ ಕಂಡರೆ ಮಾತ್ರ ಅವರು ತಕ್ಷಣ ದನಿಯೇರಿಸಿ ಕೂಗಲಾರಂಭಿಸುತ್ತಾರೆ.

ಕೈ ಕ್ಯಾಮೆರಾವನ್ನು ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ಅದು ನಡೆಯುವ ಮಾತಲ್ಲ. ತಮ್ಮ ಓದುಗರಲ್ಲಿ ಜಿಗಿಯಬೇಕೆಂದಿರುವವರು ಹಣ ಕಟ್ಟುವ ಮೊದಲು ಚಿತ್ರ ತೆಗೆಯುವವರು ಬೋಧಕರೋ ಬೇರೆಯವರೋ ಎಂದು ವಿಚಾರಿಸಲಿ. ಬೋಧಕರೇ ಆಗಿದ್ದರೆ ಅವರು ಕ್ಯಾಮೆರಾ ಇಲ್ಲದೆ ಎಷ್ಟು ಟ್ಯಾಂಡಮ್ ಜಿಗಿತಗಳನ್ನು ಮಾಡಿದ ಮೇಲೆ ಅದನ್ನು ತೊಟ್ಟರು ಎಂಬುದನ್ನೂ ಕೇಳಲಿ, ಒಳ್ಳೆಯ ಬೋಧಕರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ವಿಡಿಯೊದಲ್ಲಿ ಕೈ ಅಲುಗಾಡಿದ ಕಡೆ ಏನಾಯಿತೆಂದು ಬೋಧಕರನ್ನೇ ಒಮ್ಮೆ ಕೇಳಿ, ಆಮೇಲೆ ಹಣ ವಾಪಸು ಕೇಳಲಿ.

ತಮ್ಮಲ್ಲಿ ನನ್ನ ವಿನಂತಿ ಇನ್ನೂ ಚಿಕ್ಕದು. ಆ ಚಿತ್ರದ ಬಲ ಮೂಲೆಯಲ್ಲಿ, ಯುವತಿಯ ಕನ್ನಡಕದ ಗಾಜಿನೊಳಗೆ, ಭೂತಗನ್ನಡಿ ಹಿಡಿದು ನೋಡಿದರೆ ಕೈಚಾಚಿದ ಒಂದು ಪುಟ್ಟ ಕಪ್ಪು ಆಕೃತಿ ಕಾಣುತ್ತದೆ. ಚಿತ್ರ ಕಳುಹಿಸಿದವರನ್ನು ಕೇಳಿದರೆ ಆ ವ್ಯಕ್ತಿ ಯಾರೆಂದು ತಿಳಿಯುವುದು ಕಷ್ಟವಾಗಲಾರದು. ಅವರ ಒಪ್ಪಿಗೆ ಪಡೆದು, ಮುಂದಿನ ಭಾನುವಾರದ ತಿದ್ದುಪಡಿಯಲ್ಲಿ ‘ಸೆಲ್ಫಿ’ ಎಂಬ ಪದವನ್ನು ತೆಗೆದು ಅಲ್ಲಿ ಅವರ ಹೆಸರನ್ನು ಹಾಕಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಟ್ಯಾಂಡಮ್ ಬೋಧಕ